ಗೇಣುದ್ದದ ಮೀನಿನ ನ್ಯಾಯ

ಗಾಳ ಹಾಕಿ ಮನೆಗೆ ಮರಳಿದವರನ್ನು ಎಲ್ಲ ಊರುಗಳಲ್ಲೂ ಕೇಳುವ ಮೊದಲ ಪ್ರಶ್ನೆ ಒಂದೇ: ಎಷ್ಟು ದೊಡ್ಡದು ಸಿಕ್ಕಿತು? ಹೊಟ್ಟೆಗಾಗಿ ಮೀನು ಹಿಡಿಯುವವರಿಗೆ ಇದು ನ್ಯಾಯವಾದ ಪ್ರಶ್ನೆ. ಮನೆಯಲ್ಲಿ ಉಣ್ಣುವವರು ಎಷ್ಟು ಮಂದಿಯೋ ಮೀನಿನ ತೂಕವೂ ಅದಕ್ಕೆ ಸರಿಹೊಂದಬೇಕು. ಆದರೆ ಹಿಡಿದ ಮೀನನ್ನು ಮತ್ತೆ ನೀರಿಗೇ ಬಿಡುವ ಹವ್ಯಾಸಿಗಳೂ ಇದನ್ನೇ ಕೇಳುತ್ತಾರೆ, ತೂಗಿ ನೋಡುತ್ತಾರೆ, ಎರಡೂ ಕೈಯಲ್ಲಿ ಎತ್ತಿ ಹಿಡಿದು ಫೋಟೊ ತೆಗೆಸಿಕೊಳ್ಳುತ್ತಾರೆ. ಸಾರಿಗೆ ಬೀಳದ ಮೀನಿನ ತೂಕ ಹಿಡಿದವನ ಹೆಮ್ಮೆಯನ್ನಲ್ಲದೆ ಬೇರೇನನ್ನು ಅಳೆಯುತ್ತದೆ?

ಈ ಅಳತೆಯನ್ನು ಬಿಟ್ಟವರೂ ಇದ್ದಾರೆ. ಅಮೆರಿಕದ ಅಪಲೇಚಿಯನ್ ಬೆಟ್ಟಗಳ ತೊರೆಗಳಲ್ಲಿ ಅವರು ಅರಸಿ ಹೋಗುವುದು ಗೇಣುದ್ದದ, ಕೆಲವೊಮ್ಮೆ ಬೆರಳುದ್ದದ ಮೀನುಗಳನ್ನು. ಅದೂ ಆ ನೀರಿನಲ್ಲೇ ಸಾವಿರಾರು ವರ್ಷಗಳಿಂದ ಬಾಳಿ ಬಂದ ನಾಡಮೀನುಗಳನ್ನು. ನೋಡುವವರಿಗೆ ಇದು ಬಿಡುವಿದ್ದವರ ಶೋಕಿಯಾಗಿ ಕಾಣಬಹುದು. ನನ್ನ ವಾದ ಬೇರೆ. ‘ಎಷ್ಟು ದೊಡ್ಡದು’ ಎಂಬ ಪ್ರಶ್ನೆಯನ್ನು ಬಿಟ್ಟು ‘ಇದು ಯಾವುದು, ಇಲ್ಲೇ ಏಕಿದೆ’ ಎಂದು ಕೇಳಲು ಕಲಿತಾಗ ಹೊಳೆಯ ಜೊತೆಗಿನ ನಮ್ಮ ಸಂಬಂಧವೇ ಬದಲಾಗುತ್ತದೆ. ಆ ಬದಲಾವಣೆ ನಡೆದರೆ ಮಾತ್ರ ಈ ಹವ್ಯಾಸಕ್ಕೆ ಸಮರ್ಥನೆ ಉಂಟು, ಇಲ್ಲವಾದರೆ ಇಲ್ಲ.

ಅವರು ಮೀನು ಹಿಡಿಯುವ ಫ್ಲೈ ಫಿಶಿಂಗ್ ಎಂಬ ವಿದ್ಯೆಯಲ್ಲಿ ಎರೆಹುಳವಿಲ್ಲ, ಹಿಟ್ಟಿನ ಉಂಡೆಯಿಲ್ಲ. ಗಾಳಕ್ಕೆ ಹಕ್ಕಿಯ ಪುಕ್ಕ, ಪ್ರಾಣಿಯ ರೋಮ, ನೂಲು ಸುತ್ತಿ ನೀರಿನ ಕೀಟದಂತೆ ತೋರುವ ಹುಸಿಹುಳುವನ್ನು ಕಟ್ಟುತ್ತಾರೆ. ಅದು ಎಷ್ಟು ಹಗುರವೆಂದರೆ ಎಸೆದರೆ ತಾನಾಗಿ ಹೋಗದು. ದಪ್ಪ ದಾರದ ತೂಕವೇ ಅದನ್ನು ಹೊತ್ತೊಯ್ಯಬೇಕು. ನೀರಿಗೆ ಬಿದ್ದ ಮೇಲೆ ಅದು ಹರಿವಿನ ವೇಗದಲ್ಲೇ ತೇಲಬೇಕು. ದಾರದ ಎಳೆತಕ್ಕೆ ತುಸು ಅಡ್ಡ ಸರಿದರೂ ಮೀನು ಅದನ್ನು ಮುಟ್ಟದು. ಹಾಗಾಗಿ ಕೈಚಳಕಕ್ಕಿಂತ ಮೊದಲು ಬೇಕಾಗುವುದು ತಿಳಿವಳಿಕೆ. ಈ ತಿಂಗಳಲ್ಲಿ ಯಾವ ಕೀಟ ನೀರಿನಿಂದ ಮೇಲೇಳುತ್ತದೆ? ತಿಂಗಳುಗಟ್ಟಲೆ ಕಲ್ಲಿನಡಿ ಮರಿಯಾಗಿದ್ದು, ರೆಕ್ಕೆ ಬಂದ ಮೇಲೆ ಒಂದೆರಡು ದಿನ ಮಾತ್ರ ಬದುಕುವ ಮೇಫ್ಲೈ ಯಾವ ಹೊತ್ತಿನಲ್ಲಿ ಹಾರುತ್ತದೆ? ಹರಿವಿಗೆ ಮುಖ ಮಾಡಿ ನಿಲ್ಲುವ ಮೀನು ಯಾವ ಬಂಡೆಯ ಮರೆಯಲ್ಲಿ ದಣಿವಾಗದಂತೆ ಕಾಯುತ್ತಿರುತ್ತದೆ? ಇವಕ್ಕೆ ಉತ್ತರ ಗೊತ್ತಿಲ್ಲದವರಿಗೆ ಹೊಳೆ ಬರಿಯ ನೀರು.

ದೊಡ್ಡ ಮೀನಿನ ಬೇಟೆಯಲ್ಲೂ ಈ ತಿಳಿವಳಿಕೆ ಬೇಕು, ನಿಜ. ಆದರೆ ಅಲ್ಲಿ ಅದು ಕೊನೆಯ ಜಗ್ಗಾಟಕ್ಕೆ ಮೆಟ್ಟಿಲು ಮಾತ್ರ. ಹಿಡಿದವನ ನೆನಪಿನಲ್ಲಿ ಉಳಿಯುವುದು ಆ ಹೋರಾಟ. ಗೇಣುದ್ದದ ಮೀನಿನಲ್ಲಿ ಹೋರಾಟವೇ ಇಲ್ಲ. ಮಣಿಕಟ್ಟು ತುಸು ಅಲುಗಿದರೆ ಮೀನು ಕೈಯಲ್ಲಿ. ಗೆದ್ದೆ ಎನ್ನಲು ಏನೂ ಇಲ್ಲದ ಆ ಗಳಿಗೆಯಲ್ಲಿ ಉಳಿಯುವುದು ಮೀನು ಮಾತ್ರ: ಅದರ ಬಣ್ಣ, ಆಕಾರ, ಅದು ಈ ತಣ್ಣೀರಿಗೆ ಒಗ್ಗಿಕೊಂಡ ಬಗೆ. ನೋಟ ನಮ್ಮಿಂದ ಅದರತ್ತ ಹೊರಳುವುದು ಅಲ್ಲೇ.

ಟೆನಿಸ್ಸೀ ಮತ್ತು ನಾರ್ತ್ ಕೆರೊಲಿನಾ ರಾಜ್ಯಗಳ ಗಡಿಯಲ್ಲಿರುವ ಗ್ರೇಟ್ ಸ್ಮೋಕಿ ಮೌಂಟನ್ಸ್ ರಾಷ್ಟ್ರೀಯ ಉದ್ಯಾನದಲ್ಲಿ ಬ್ರೂಕ್ ಟ್ರೌಟ್ ಎಂಬ ಮೀನಿದೆ. ಆ ಬೆಟ್ಟಗಳಲ್ಲಿ ತಲೆತಲಾಂತರದಿಂದ ಇದ್ದ ಟ್ರೌಟ್ ಇದೊಂದೇ. ಅಲ್ಲಿನ ಬಡ ತೊರೆಗಳಲ್ಲಿ ಅದು ಪೂರ್ತಿ ಬೆಳೆದರೂ ಒಂದು ಗೇಣು ದಾಟುವುದು ಅಪರೂಪ. ಮೂರು ವರ್ಷಕ್ಕಿಂತ ಹೆಚ್ಚು ಬಾಳುವುದೂ ಅಪರೂಪ. ಕಳೆದ ಶತಮಾನದ ಆರಂಭದಲ್ಲಿ ಮರದ ಕಂಪನಿಗಳು ಕಾಡು ಕಡಿದವು. ನೆರಳು ಹೋದ ತೊರೆಗಳು ಬಿಸಿಯಾದವು, ಮಣ್ಣು ತುಂಬಿ ಮೊಟ್ಟೆಯಿಡುವ ಜಾಗ ಹೂತುಹೋಯಿತು. ಬರಿದಾದ ನೀರಿಗೆ ಪೆಸಿಫಿಕ್ ಕರಾವಳಿಯ ರೇನ್‌ಬೋ ಟ್ರೌಟನ್ನು ತಂದು ಬಿಟ್ಟರು. ಅದು ದೊಡ್ಡದು, ಬೇಗ ಬೆಳೆಯುವಂಥದ್ದು, ಗಾಳಕ್ಕೆ ಸಿಕ್ಕರೆ ನೀರಿನಿಂದ ಮೇಲೆ ಜಿಗಿಯುವಂಥದ್ದು. ಹಿಡಿಯುವವರಿಗೆ ಬೇಕಾದ ಗುಣಗಳೆಲ್ಲ ಅದರಲ್ಲಿದ್ದವು. ಬ್ರೂಕ್ ಟ್ರೌಟ್ ತನ್ನ ಹಳೆಯ ನೆಲೆಯ ಮುಕ್ಕಾಲು ಪಾಲನ್ನು ಕಳೆದುಕೊಂಡು ಬೆಟ್ಟದ ನೆತ್ತಿಯ ಕಿರುತೊರೆಗಳಿಗೆ ಸರಿಯಿತು.

ಆಟಕ್ಕೆ ಒದಗುವ ಮೀನು ಬೇಕು, ಉಳಿದದ್ದು ಬೇಡ ಎಂಬ ಮನಸ್ಸು ಎಲ್ಲಿಯವರೆಗೆ ಹೋಗಬಲ್ಲದು ಎಂಬುದಕ್ಕೆ ಅದೇ ದೇಶದ ಪಶ್ಚಿಮದಲ್ಲಿ ಸಾಕ್ಷಿಯಿದೆ. 1962ರ ಸೆಪ್ಟೆಂಬರಿನಲ್ಲಿ, ಫ್ಲೇಮಿಂಗ್ ಗಾರ್ಜ್ ಅಣೆಕಟ್ಟಿನ ಬಾಗಿಲು ಮುಚ್ಚುವ ಮುನ್ನ, ವಯೊಮಿಂಗ್ ಮತ್ತು ಯೂಟಾ ರಾಜ್ಯಗಳಲ್ಲಿ ಗ್ರೀನ್ ನದಿ ಹಾಗೂ ಅದರ ಉಪನದಿಗಳ ಸುಮಾರು 700 ಕಿಲೋಮೀಟರ್ ಉದ್ದಕ್ಕೂ ರೊಟೆನೋನ್ ಎಂಬ ವಿಷವನ್ನು ಸುರಿದರು. ಸುರಿದದ್ದು ಕಳ್ಳರಲ್ಲ, ಸರ್ಕಾರದ ಮೀನುಗಾರಿಕೆ ಅಧಿಕಾರಿಗಳು. ಹೊಸ ಜಲಾಶಯಕ್ಕೆ ರೇನ್‌ಬೋ ಟ್ರೌಟ್ ಬಿಡುವ ಮೊದಲು ನದಿಯ ‘ಕಸದ ಮೀನು’ಗಳನ್ನು ತೆಗೆದುಹಾಕುವುದು ಅವರ ಉದ್ದೇಶ. ವಿಷ ಗುರುತು ಹಾಕಿದ ಗಡಿಯನ್ನೂ ದಾಟಿ ಹರಿಯಿತು. ಕಸವೆಂದು ಕರೆಸಿಕೊಂಡ ಆ ಮೀನುಗಳಲ್ಲಿ ಕೊಲರಾಡೊ ನದಿ ಜಾಲದಲ್ಲಲ್ಲದೆ ಜಗತ್ತಿನ ಬೇರೆಲ್ಲೂ ಇಲ್ಲದ ಜಾತಿಗಳಿದ್ದವು. ಹಂಪ್‌ಬ್ಯಾಕ್ ಚಬ್, ಬೋನಿಟೇಲ್‌ನಂಥ ಆ ಜಾತಿಗಳನ್ನು ಉಳಿಸಲು ಅದೇ ಸರ್ಕಾರ ಮುಂದೆ ಕಾನೂನು ಮಾಡಿ ಹಣ ಸುರಿಯಬೇಕಾಯಿತು. ಅಧಿಕಾರಿಗಳು ದುಷ್ಟರೇನಲ್ಲ. ಮೀನಿನ ಬೆಲೆಯನ್ನು ಹಿಡಿಯುವವನ ಸುಖದಿಂದ ಅಳೆಯುವ ಪದ್ಧತಿಯನ್ನು ಅವರು ನಿಷ್ಠೆಯಿಂದ ಪಾಲಿಸಿದರು. ತಪ್ಪು ಅಳತೆಗೋಲನ್ನು ಪ್ರಾಮಾಣಿಕವಾಗಿ ಬಳಸಿದಷ್ಟೂ ಅನಾಹುತ ಹೆಚ್ಚುತ್ತದೆ.

ಅಪಲೇಚಿಯನ್ ಹೊಳೆಗಳಲ್ಲಿ ರಿವರ್ ಚಬ್ ಎಂಬ ಮೀನನ್ನೂ ಟ್ರೌಟ್ ಹಿಡಿಯುವವರು ಬಹುಕಾಲ ಕಸದ ಲೆಕ್ಕಕ್ಕೇ ಹಾಕಿದ್ದರು. ವಸಂತದಲ್ಲಿ ಅದರ ಗಂಡು ಹೊಳೆಯ ತಳದಿಂದ ಒಂದೊಂದೇ ಹರಳನ್ನು ಬಾಯಲ್ಲಿ ಕಚ್ಚಿ ತಂದು, ಸಾವಿರಾರು ಕಲ್ಲುಗಳ ದಿಬ್ಬ ಕಟ್ಟುತ್ತದೆ. ಆ ದಿಬ್ಬದ ಮೇಲೆ ಮೊಟ್ಟೆಯಿಡಲು ಬೇರೆ ಬೇರೆ ಜಾತಿಯ ಪುಟ್ಟ ಮೀನುಗಳು ಕೆಂಪು, ಹಳದಿ, ಕಿತ್ತಳೆ ಬಣ್ಣ ತಾಳಿ ಹಿಂಡುಗಟ್ಟಿ ಬರುತ್ತವೆ. ಹರಳುಗಳ ನಡುವೆ ಶುದ್ಧ ನೀರು ಹರಿಯುವುದರಿಂದ ಮೊಟ್ಟೆಗೆ ಕೆಸರು ಮುಚ್ಚುವುದಿಲ್ಲ. ಕಟ್ಟಿದ ಗಂಡು ಕಾವಲಿಗೂ ಇರುತ್ತದೆ. ಒಂದು ಮೀನಿನ ದುಡಿಮೆಯ ಮೇಲೆ ಇಡೀ ನೆರೆಹೊರೆ ನಿಂತಿದೆ. ಜಪಾನಿನಲ್ಲಿ, ಎದೋ ಕಾಲದಿಂದ ಅತಿ ಸಣ್ಣ ಗಾಳಕ್ಕೆ ಹಿಡಿಯುತ್ತ ಬಂದ ತನಾಗೊ ಎಂಬ ಮೀನು ಬದುಕಿರುವ ಸಿಹಿನೀರ ಚಿಪ್ಪುಜೀವಿಯ ಒಳಗೆ ಮೊಟ್ಟೆಯಿಡುತ್ತದೆ. ಚಿಪ್ಪು ಸತ್ತ ಹೊಳೆಯಲ್ಲಿ ತನಾಗೊ ಸಂತಾನವಿಲ್ಲ. ಇಂಥ ಒಂದು ಮೀನನ್ನು ಕೈಯಲ್ಲಿ ಹಿಡಿದು ‘ಇಲ್ಲೇ ಏಕಿದೆ’ ಎಂದು ಕೇಳಿದವರು ಕಲ್ಲು, ಕೆಸರು, ಚಿಪ್ಪು, ದಡದ ಮರ ಎಲ್ಲವನ್ನೂ ವಿಚಾರಿಸಬೇಕಾಗುತ್ತದೆ.

ಇಲ್ಲಿ ಒಂದು ಗಟ್ಟಿಯಾದ ಆಕ್ಷೇಪ ಏಳುತ್ತದೆ. ‘ನಾಡಮೀನು’, ‘ಹೊರಗಿನ ಮೀನು’ ಎಂಬ ವಿಂಗಡಣೆ ಯಾವ ನೀತಿ? ಮನುಷ್ಯರ ನಡುವೆ ಇದೇ ಮಾತು ಎಷ್ಟು ಮನೆಗಳನ್ನು ಸುಟ್ಟಿದೆ ಎಂಬುದು ನಮಗೆ ಗೊತ್ತು. ಸ್ಮೋಕಿ ಬೆಟ್ಟಗಳಲ್ಲೇ ನೋಡಿ: ಜಲಪಾತಗಳ ಮೇಲಿನ ಕೆಲವು ತೊರೆಗಳಲ್ಲಿ ಉದ್ಯಾನದವರು ಆಂಟಿಮೈಸಿನ್ ಎಂಬ ವಿಷ ಹಾಕಿ ರೇನ್‌ಬೋ ಟ್ರೌಟನ್ನು ಕೊಂದು ಬ್ರೂಕ್ ಟ್ರೌಟನ್ನು ಮರಳಿ ತಂದಿದ್ದಾರೆ. 1962ರಲ್ಲಿ ರೇನ್‌ಬೋಗಾಗಿ ವಿಷ, ಈಗ ರೇನ್‌ಬೋಗೆ ವಿಷ. ಎರಡಕ್ಕೂ ಏನು ವ್ಯತ್ಯಾಸ?

ನನ್ನ ಉತ್ತರ ಹೀಗೆ. ನಾಡಮೀನಿನ ಹಿರಿಮೆ ಹುಟ್ಟಿನ ಹಕ್ಕಿನಿಂದ ಬಂದದ್ದಲ್ಲ, ಅದು ಹೆಣೆದುಕೊಂಡಿರುವ ಸಂಬಂಧಗಳಿಂದ ಬಂದದ್ದು. ಚಬ್ ಹೋದರೆ ದಿಬ್ಬ ಹೋಗುತ್ತದೆ, ದಿಬ್ಬ ಹೋದರೆ ಅದನ್ನು ನಂಬಿದ ಜಾತಿಗಳು ಹೋಗುತ್ತವೆ. ಬೇರೊಂದು ಮೀನನ್ನು ತಂದು ಆ ಜಾಗ ತುಂಬಲಾಗದು. ರೇನ್‌ಬೋ ಟ್ರೌಟ್ ಅಂಟಾರ್ಕ್ಟಿಕಾ ಒಂದನ್ನು ಬಿಟ್ಟು ಎಲ್ಲ ಖಂಡಗಳಲ್ಲೂ ಇಂದು ಈಜುತ್ತಿದೆ. ಆ ಬೆಟ್ಟದ ಬ್ರೂಕ್ ಟ್ರೌಟ್ ಕುಲಕ್ಕೆ ಇರುವುದು ಆ ಬೆಟ್ಟ ಮಾತ್ರ. ಮನುಷ್ಯರ ವಿಷಯದಲ್ಲಿ ಈ ತರ್ಕ ನಿಲ್ಲುವುದಿಲ್ಲ. ಮನುಷ್ಯ ಹೋದಲ್ಲಿ ಮಾತು ಕಲಿಯುತ್ತಾನೆ, ಒಪ್ಪಂದ ಮಾಡಿಕೊಳ್ಳುತ್ತಾನೆ, ಹೊಸ ನೆಲಕ್ಕೆ ಹೊಣೆಗಾರನಾಗುತ್ತಾನೆ. ಮೀನಿಗೆ ಆ ದಾರಿಗಳಿಲ್ಲ. ಮೀನಿನಿಂದ ಮನುಷ್ಯರಿಗೆ ಪಾಠ ಎಳೆದು ತರುವವರನ್ನು ನಾವು ಅನುಮಾನದಿಂದಲೇ ನೋಡಬೇಕು. ಇಷ್ಟಾಗಿಯೂ ಸತ್ತ ರೇನ್‌ಬೋಗಳ ಲೆಕ್ಕ ಸೊನ್ನೆಯಾಗುವುದಿಲ್ಲ. ಅವು ತಾವಾಗಿ ಬಂದವಲ್ಲ, ತಂದವರು ನಾವು. ನಮ್ಮ ಹಿರಿಯರ ತಪ್ಪಿಗೆ ಅವು ಜೀವ ತೆತ್ತವು ಎಂದು ಒಪ್ಪಿಕೊಂಡೇ ಆ ಕೆಲಸ ಮಾಡಬೇಕು.

ಕರ್ನಾಟಕಕ್ಕೆ ಈ ಚರ್ಚೆ ದೂರದ್ದಲ್ಲ. ಕಾವೇರಿಯ ಗೂನುಬೆನ್ನಿನ ಮಹಶೀರ್ ಗಾಳದ ಹವ್ಯಾಸಿಗಳ ನಡುವೆ ಜಗತ್ಪ್ರಸಿದ್ಧ. 1970ರ ದಶಕದಿಂದ ಕಾವೇರಿಗೆ ಮಹಾರಾಷ್ಟ್ರದ ಲೋನಾವಳದಲ್ಲಿ ಸಾಕಿದ ಮಹಶೀರ್ ಮರಿಗಳನ್ನು ಬಿಡಲಾಯಿತು. ಮಹಶೀರ್ ಕಡಿಮೆಯಾಗುತ್ತಿದೆ, ಮಹಶೀರ್ ಬಿಟ್ಟರಾಯಿತು ಎಂಬುದು ಸದುದ್ದೇಶದ ಲೆಕ್ಕ. ಆದರೆ ಬಿಟ್ಟದ್ದು ನೀಲಿ ರೆಕ್ಕೆಯ ಬೇರೊಂದು ಜಾತಿ. ಅದು ಹಬ್ಬಿತು, ಕಾವೇರಿಯದೇ ಆದ ಗೂನುಬೆನ್ನಿನದು ಕುಸಿಯಿತು. 2018ರಲ್ಲಿ ಅದಕ್ಕೆ ಟಾರ್ ರೆಮದೇವಿ ಎಂಬ ವೈಜ್ಞಾನಿಕ ಹೆಸರು ಖಚಿತವಾಗುವ ಹೊತ್ತಿಗೆ ಅದು ಅಳಿವಿನ ಅಂಚಿಗೆ ಬಂದಿತ್ತು. ಅದು ಐವತ್ತು ಕಿಲೋ ಮೀರಿ ಬೆಳೆಯುವ ಮೀನು. ಗಾತ್ರ ಅದನ್ನು ಕಾಯಲಿಲ್ಲ. ಎಲ್ಲರಿಗೂ ದೊಡ್ಡ ಮಹಶೀರ್ ಬೇಕಿತ್ತು, ಯಾವ ಮಹಶೀರ್ ಎಂದು ಕೇಳಿದವರು ಕಡಿಮೆ. ಇದೇ ಕಥೆಗೆ ಇನ್ನೊಂದು ಮುಖವೂ ಇದೆ. ಈ ಕುಸಿತವನ್ನು ವಿಜ್ಞಾನಿಗಳು ಗುರುತಿಸಿದ್ದು ಕಾವೇರಿ ತೀರದ ಗಾಳದ ಶಿಬಿರಗಳಲ್ಲಿ 1998ರಿಂದ 2012ರವರೆಗೆ ಬರೆದಿಟ್ಟ ದಾಖಲೆಗಳಿಂದ. ಹಿಡಿದ ಮೀನು ಯಾವುದು ಎಂದು ಯಾರೋ ನಿಯತ್ತಾಗಿ ಬರೆದಿದ್ದರು. ಗಾಳ ಹಿಡಿದ ಕೈ ಲೇಖನಿಯನ್ನೂ ಹಿಡಿದರೆ ಹೊಳೆಗೆ ಅದು ಸಾಕ್ಷಿಯಾಗಬಲ್ಲದು.

ಎಲ್ಲಕ್ಕಿಂತ ಕಠಿಣವಾದ ಪ್ರಶ್ನೆ ನೋವಿನದು. 2003ರಲ್ಲಿ ಬ್ರಿಟನ್ನಿನ ಲಿನ್ ಸ್ನೆಡನ್ ಮತ್ತು ಸಂಗಡಿಗರು ಟ್ರೌಟಿನ ಮುಖದ ಮೇಲೆ ನೋವು ಗ್ರಹಿಸುವ ನರತುದಿಗಳನ್ನು ಗುರುತಿಸಿದರು. ತುಟಿಗೆ ಆಮ್ಲ ಚುಚ್ಚಿಸಿಕೊಂಡ ಮೀನುಗಳು ಬಾಯಿಯನ್ನು ಹರಳುಗಳಿಗೆ ಉಜ್ಜಿದವು, ಬಹಳ ಹೊತ್ತು ಆಹಾರ ಮುಟ್ಟಲಿಲ್ಲ. ಮೀನಿನ ಒಳಗಿನ ಅನುಭವ ನಮ್ಮ ನೋವಿನಂಥದ್ದೇ ಎಂಬ ಬಗ್ಗೆ ವಾದ ನಡೆದಿದೆ. ಆದರೆ ವಾದ ಮುಗಿಯದಿರುವಾಗ ಸಂದೇಹದ ಲಾಭ ಸಿಗಬೇಕಾದ್ದು ಗಾಳ ನುಂಗಿದವರಿಗೆ, ಗಾಳ ಹಿಡಿದವರಿಗಲ್ಲ. ಬಿಡುವ ಉದ್ದೇಶದಿಂದಲೇ ಮೀನು ಹಿಡಿಯುವುದನ್ನು ಸ್ವಿಟ್ಜರ್ಲೆಂಡಿನ ಕಾನೂನು ನಿಷೇಧಿಸಿರುವುದು ಇದೇ ನೆಲೆಯಲ್ಲಿ: ತಿನ್ನುವವನಿಗೆ ಹಸಿವಿನ ಕಾರಣವಾದರೂ ಇದೆ, ಆಡುವವನಿಗೆ ಏನಿದೆ? ಮೀನು ಚಿಕ್ಕದಾದಷ್ಟೂ ಈ ಪ್ರಶ್ನೆ ಚುರುಕಾಗುತ್ತದೆ, ಏಕೆಂದರೆ ಚಿಕ್ಕ ಬಾಯಿಗೆ ಚಿಕ್ಕ ಗಾಳವೂ ದೊಡ್ಡ ಗಾಯ.

‘ನಾನು ಬಿಟ್ಟೆನಲ್ಲ’ ಎಂಬುದು ಇದಕ್ಕೆ ಉತ್ತರವಾಗದು. ನೋಯಿಸಿ ಕ್ಷಮೆ ಕೇಳಿದ ಮಾತ್ರಕ್ಕೆ ನೋವು ಅಳಿಯುವುದಿಲ್ಲ. ನಾನು ಒಪ್ಪಬಲ್ಲ ಸಮರ್ಥನೆ ಒಂದೇ: ಆ ನೋವು ಸಾಲ. ಹಿಡಿದವನು ಅದನ್ನು ಹೊಳೆಗೆ ತೀರಿಸಬೇಕು. ತೀರಿಸುವ ಬಗೆಗಳು ಕಾಣದವಲ್ಲ. ಹಿಂದಕ್ಕೆ ಬಾಗಿದ ಮೊನೆಯಿಲ್ಲದ ಗಾಳ ಬಳಸುವುದು, ಒಣಗೈಯಲ್ಲಿ ಮೀನು ಮುಟ್ಟದಿರುವುದು, ಬೇಸಿಗೆಯಲ್ಲಿ ನೀರು ಬಿಸಿಯೇರಿದಾಗ ಗಾಳ ಕಟ್ಟಿಡುವುದು ಮೊದಲ ಕಂತು. ಮೊಟ್ಟೆಯಿಡುವ ದಿಬ್ಬದ ಮೇಲೆ, ಅಳಿವಿನಂಚಿನ ಕುಲದ ಮೇಲೆ ಗಾಳ ಹಾಕದಿರುವುದು ಎರಡನೆಯದು. ಜಪಾನಿನಲ್ಲಿ ಮಿಯಾಕೊ ತನಾಗೊ ಎಂಬ ತನಾಗೊ ಜಾತಿ ಇಂದು ಕಾನೂನಿನ ರಕ್ಷಣೆಯಲ್ಲಿದೆ, ಅದರ ಮುಂದೆ ಎಷ್ಟು ಹಳೆಯ ಹವ್ಯಾಸವೂ ತಲೆಬಾಗಬೇಕು. ಮೂರನೆಯದು ಎಲ್ಲಕ್ಕಿಂತ ದೊಡ್ಡದು: ಕಂಡದ್ದನ್ನು ಬರೆದಿಡುವುದು, ಹೊಳೆಗೆ ಕುತ್ತು ಬಂದಾಗ ಅದರ ಪರ ನಿಲ್ಲುವುದು. ಸಾಲ ತೀರಿಸಲು ಒಲ್ಲದವರು ದಡದಲ್ಲಿ ಕೂತು ನೋಡಲಿ. ನೋಡುವುದೂ ತಿಳಿಯುವ ದಾರಿಯೇ. ಚಿಕ್ಕ ಮೀನು ಹಿಡಿಯುವವರಿಗೂ ಹೆಮ್ಮೆಯ ಬಲೆ ಇದ್ದೇ ಇದೆ. ಇಷ್ಟು ಜಾತಿ ಹಿಡಿದೆ ಎಂಬ ಪಟ್ಟಿ ಬೆಳೆಸುವುದೇ ಗುರಿಯಾದರೆ ಅದು ತೂಕದ ಹೆಮ್ಮೆಯ ಇನ್ನೊಂದು ರೂಪ.

ತಿಳಿವಳಿಕೆಯ ಮಾತನ್ನು ನಾನು ಇಷ್ಟು ಒತ್ತಿ ಹೇಳಲು ಕಾರಣವಿದೆ. ಎತ್ತಿನಹೊಳೆ ಯೋಜನೆಯಲ್ಲಿ ಸಕಲೇಶಪುರದ ಕಡೆಯ ತೊರೆಗಳಿಗೆ ಒಡ್ಡು ಕಟ್ಟಿ ನೀರನ್ನು ಪೂರ್ವಕ್ಕೆ ತಿರುಗಿಸುವ ಚರ್ಚೆ ನಮ್ಮಲ್ಲಿ ಬಹುಪಾಲು 24 ಟಿಎಂಸಿಯ ಸುತ್ತಲೇ ನಡೆಯಿತು. ಅಷ್ಟು ನೀರು ಇದೆಯೇ, ಇಲ್ಲವೇ, ಯಾರಿಗೆ ಎಷ್ಟು? ಬಯಲುಸೀಮೆಯ ಬಾಯಾರಿಕೆ ಸುಳ್ಳಲ್ಲ. ಆದರೆ ಆ ನೀರಿನಲ್ಲಿ ಯಾರಿದ್ದಾರೆ ಎಂಬ ಪ್ರಶ್ನೆ ಎದ್ದದ್ದು ಕಡಿಮೆ. ಮಾರುಕಟ್ಟೆಗೆ ಬರದ, ಗುಡಿಯ ಮುಂದೆ ಅಕ್ಕಿ ತಿನ್ನದ, ಫೋಟೊಗೆ ಒದಗದ ಬೆರಳುದ್ದದ ಮೀನುಗಳಿಗೆ ವಕೀಲರಿರುವುದಿಲ್ಲ. ಹೆಸರು ಗೊತ್ತಿಲ್ಲದ್ದರ ಪರವಾಗಿ ಯಾರೂ ಅರ್ಜಿ ಬರೆಯುವುದಿಲ್ಲ. ಹೊಳೆಯ ಇಂಥ ಮೀನನ್ನು ಹೆಸರಿನಿಂದ, ನೆಲೆಯಿಂದ, ನಂಟಿನಿಂದ ಬಲ್ಲ ನಾಲ್ಕು ಜನ ಪ್ರತಿ ಊರಿನಲ್ಲಿದ್ದರೆ, ನೀರನ್ನು ಬರಿಯ ಟಿಎಂಸಿಯಾಗಿ ಎಣಿಸುವುದು ಅಷ್ಟು ಸುಲಭವಾಗುವುದಿಲ್ಲ. ಆ ನಾಲ್ವರು ಗಾಳದಿಂದ ಕಲಿತರೋ ಬರಿಗಣ್ಣಿಂದ ಕಲಿತರೋ ಎಂಬುದು ಆಮೇಲಿನ ಮಾತು; ಕಲಿಯದೆ ಉಳಿಯುವ ಸ್ವಾತಂತ್ರ್ಯ ಮಾತ್ರ, ಹೊಳೆಯ ನೀರು ಕುಡಿಯುವ ನಮಗೆ ಯಾರಿಗೂ ಇಲ್ಲ.