ಕೇಳುಗನ ಋಣ

ಋಣವೆಂಬ ಪದಕ್ಕೆ ನಮ್ಮ ಭಾಷೆಯಲ್ಲಿ ಎರಡು ವಾಸಸ್ಥಾನಗಳುಂಟು. ಒಂದು, ಸಾಹುಕಾರನ ಖಾತೆಯ ಪುಸ್ತಕ. ಅಲ್ಲಿ ಅಸಲು ಬಡ್ಡಿಗಳನ್ನು ಎಣಿಸಿಕೊಟ್ಟು ಪತ್ರವನ್ನು ಹರಿದುಹಾಕಿದರೆ ಋಣ ತೀರಿತು. ಇನ್ನೊಂದು, ಅನ್ನದ ಋಣ, ಮಣ್ಣಿನ ಋಣ, ಹಿರಿಯರ ಋಣ ಎಂದು ನಾವು ಮನೆಮಾತಿನಲ್ಲಿ ಹೇಳುವುದು; ಇದಕ್ಕೆ ಪತ್ರವಿಲ್ಲ, ಗಡುವಿಲ್ಲ, ತೀರಿತೆಂದು ಹೇಳುವ ಧೈರ್ಯವೂ ಯಾರಿಗೂ ಬರುವುದಿಲ್ಲ. ಎಂದೂ ಕಣ್ಣಿಂದ ಕಾಣದ, ಕಡಲಾಚೆಯಲ್ಲಿ ಬಾಳಿ ಮಡಿದ ವಾದಕನೊಬ್ಬನ ವಾದನವನ್ನು ಗ್ರಾಮಫೋನು ತಟ್ಟೆಯಲ್ಲಿ ಕೇಳಿ ಸುಖಪಟ್ಟವನು ಆತನಿಗೆ ತೆರಬೇಕಾದುದು ಏನಾದರೂ ಉಂಟೆ? ಉಂಟಾದರೆ ಅದು ಈ ಎರಡರಲ್ಲಿ ಯಾವ ಬಗೆಯದು? ಕೆಲವು ತಿಂಗಳುಗಳಿಂದ ನನ್ನನ್ನು ಕಾಡುತ್ತಿರುವ ಈ ಪ್ರಶ್ನೆಯನ್ನು ವಾಚಕರ ಮುಂದಿಡುತ್ತಿದ್ದೇನೆ.

ಪ್ರಶ್ನೆ ಹುಟ್ಟಿದುದು ಹೀಗೆ. ಹಳೆಯ ತಟ್ಟೆಗಳನ್ನು ಕೂಡಿಹಾಕುವ ಹವ್ಯಾಸವುಳ್ಳ ಮಿತ್ರರೊಬ್ಬರು ಒಂದು ಸಂಜೆ ನನ್ನನ್ನು ಎದುರಿಗೆ ಕೂರಿಸಿಕೊಂಡು ಅಮೆರಿಕದ ಜಾಝ್ ಸಂಗೀತದ ಒಂದು ತಟ್ಟೆಯನ್ನು ಹಾಕಿದರು. ಅದರಲ್ಲಿ ಮುಖ್ಯವಾದ್ಯ ಆರ್ಗನ್. ಆರ್ಗನ್ ಎಂದೊಡನೆ ನಮ್ಮಲ್ಲಿ ಕೆಲವರಿಗೆ ಇಗರ್ಜಿಯ ಕೊಳವೆಗಳ ವಾದ್ಯವೋ ಕಂಪನಿ ನಾಟಕಗಳ ಕಾಲುಹಾರ್ಮೋನಿಯಮ್ಮೋ ನೆನಪಾದೀತು. ಇದು ಎರಡೂ ಅಲ್ಲ. ಸ್ವರ ಹೊರಡುವಾಗ ಚಿಟಿಕೆ ಹೊಡೆದಂತೆ ಸಣ್ಣದೊಂದು ಸದ್ದು. ಒಡನೆಯೇ ಬೆಚ್ಚಗೆ ಹರಡುವ ದನಿ. ಸ್ವರ ನಿಂತು ಬೆಳೆಯುವಾಗ ಗಾಳಿಗೆ ಸಿಕ್ಕಿದ ದೀಪದ ಕುಡಿಗಿರುವಂಥ ನಡುಕ. ನುಡಿಸಿದವನ ಹೆಸರು ಬೇಬಿ ಫೇಸ್ ವಿಲೆಟ್. 1961ರ ಜನವರಿಯಿಂದ ಮೇ ತಿಂಗಳವರೆಗಿನ ಅವಧಿಯಲ್ಲಿ ನ್ಯೂಯಾರ್ಕಿನ ಬ್ಲೂ ನೋಟ್ ಸಂಸ್ಥೆಗಾಗಿ ಆತ ನಾಲ್ಕು ತಟ್ಟೆಗಳಲ್ಲಿ ನುಡಿಸಿದ; ಎರಡು ತನ್ನ ಹೆಸರಿನವು, ಎರಡು ಅನ್ಯರ ಮುಂದಾಳುತನದವು. 1964ರಲ್ಲಿ ಇನ್ನೊಂದು ಸಂಸ್ಥೆಗಾಗಿ ಮತ್ತೆರಡು. ಅಲ್ಲಿಗೆ ಮುಗಿಯಿತು. 1971ರಲ್ಲಿ ತೀರಿಕೊಂಡಾಗ ಆತನಿಗೆ 37 ವರ್ಷ. ಮಿತ್ರರು ಇದನ್ನೆಲ್ಲ ಹೇಳಿ, ಸೂಜಿಯನ್ನು ಮತ್ತೆ ತಟ್ಟೆಯ ಅಂಚಿಗಿಟ್ಟರು. ಎರಡನೆಯ ಸಲ ಅದೇ ವಾದನ ನನಗೆ ಮೊದಲಿಗಿಂತಲೂ ಇಂಪಾಗಿ ಕೇಳಿಸಿತು. ಈ ಕೊನೆಯ ಮಾತನ್ನು ವಾಚಕರು ನೆನಪಿನಲ್ಲಿಟ್ಟಿರಬೇಕೆಂದು ಬೇಡುತ್ತೇನೆ. ನನ್ನ ಅಪರಾಧದ ಬೀಜ ಅದರಲ್ಲಿದೆ.

ಈ ವಾದ್ಯದ ಹುಟ್ಟೇ ವಿಚಿತ್ರವಾದುದು. ಚಿಕಾಗೋ ನಗರದಲ್ಲಿ ವಿದ್ಯುತ್ ಗಡಿಯಾರಗಳನ್ನು ತಯಾರಿಸುತ್ತಿದ್ದ ಲಾರೆನ್ಸ್ ಹ್ಯಾಮಂಡ್ ಎಂಬ ಯಂತ್ರಜ್ಞ ಇದನ್ನು 1935ರಲ್ಲಿ ಪೇಟೆಗೆ ತಂದ. ಪೆಟ್ಟಿಗೆಯೊಳಗೆ ಹಲ್ಲುಗಳುಳ್ಳ ಚಕ್ರಗಳು ಅಯಸ್ಕಾಂತಗಳೆದುರಿಗೆ ಒಂದೇ ಸಮನೆ ತಿರುಗುತ್ತಿರುತ್ತವೆ; ಹೆಸರಾಂತ ಬಿ-3 ಎಂಬ ಮಾದರಿಯಲ್ಲಿ ಇಂಥ ಚಕ್ರಗಳು 91. ಚಕ್ರದ ಹಲ್ಲು ಎದುರಿಗೆ ಹಾದಾಗಲೆಲ್ಲ ತಂತಿಯ ಸುರುಳಿಯಲ್ಲಿ ವಿದ್ಯುತ್ತು ಮಿಡಿಯುತ್ತದೆ; ಆ ಮಿಡಿತವೇ ಸ್ವರದ ಮೂಲ. ಕೊಳವೆಯ ಆರ್ಗನ್ನಿಗೆ ಹಣ ಸಾಲದ ಇಗರ್ಜಿಗಳಿಗೆಂದು ಮಾಡಿದ ವಾದ್ಯವಿದು. ಕರಿಯ ಜನರ ಎಷ್ಟೋ ಇಗರ್ಜಿಗಳು ಇದನ್ನು ಕೊಂಡವು. ಅಲ್ಲಿಂದ ಬೀದಿಯನ್ನು ದಾಟಿ ಪಾನಗೃಹಕ್ಕೆ ಹೋಗಲು ಅದಕ್ಕೆ ಬಹಳ ಕಾಲ ಹಿಡಿಯಲಿಲ್ಲ. ನಾನು ಹೇಳಿದ ಚಿಟಿಕೆಯ ಸದ್ದನ್ನು ಹ್ಯಾಮಂಡ್ ದೋಷವೆಂದೇ ಎಣಿಸಿದ್ದ. ಜಾಝ್ ವಾದಕರು ಅದನ್ನೇ ಗುಣವೆಂದು ಹಿಡಿದುಕೊಂಡರು. ನಡುಕದ ಸೊಬಗು ಡೊನಾಲ್ಡ್ ಲೆಸ್ಲಿ ಎಂಬವನು ಮಾಡಿದ, ಒಳಗೆ ಕೊಂಬು ತಿರುಗುವ ಧ್ವನಿಪೆಟ್ಟಿಗೆಯದು. ಅದನ್ನೂ ಹ್ಯಾಮಂಡ್ ಮೆಚ್ಚಲಿಲ್ಲ. ಒಡೆಯನಿಗೆ ಬೇಡವಾದುದೆಲ್ಲ ಕೇಳುಗರಿಗೆ ಪ್ರಿಯವಾಯಿತು. ಇದು ಹಾಗಿರಲಿ. ಪೀಠ, ಕಾಲುಮಣೆಗಳೂ ಸೇರಿ ಬಿ-3 ಮಾದರಿಯ ತೂಕ ಸುಮಾರು 190 ಕಿಲೋಗ್ರಾಂ. ಊರಿಂದೂರಿಗೆ ಅದನ್ನು ಒಯ್ಯಬೇಕಾದವನು ವಾದಕ. ಮೆಟ್ಟಿಲ ಮೇಲೆ ಹೊತ್ತು ಹತ್ತಿಸಬೇಕಾದವರು ಆತ ಮತ್ತು ಆತನ ಜೊತೆಗಾರರು. ಹೆಣ ಸಾಗಿಸುವ ಹಳೆಯ ಮೋಟಾರುಗಳನ್ನು ಕೊಂಡು ಅದರಲ್ಲಿ ಆರ್ಗನ್ನನ್ನು ಸಾಗಿಸಿದವರುಂಟು.

ಈ ವಾದ್ಯಕ್ಕೆ ಜಾಝ್ ಲೋಕದಲ್ಲಿ ಪಟ್ಟಗಟ್ಟಿದವನು ಫಿಲಡೆಲ್ಫಿಯಾದ ಬಳಿಯ ನಾರಿಸ್ಟೌನಿನ ಜಿಮ್ಮಿ ಸ್ಮಿತ್. ಪಿಯಾನೋ ನುಡಿಸುತ್ತಿದ್ದ ಈತ ವೈಲ್ಡ್ ಬಿಲ್ ಡೇವಿಸ್ ಎಂಬವನ ಆರ್ಗನ್ನನ್ನು ಕೇಳಿ ಮರುಳಾಗಿ, ತಾನೂ ಒಂದನ್ನು ಕೊಂಡು, ಉಗ್ರಾಣವೊಂದರಲ್ಲಿ ಅದನ್ನಿರಿಸಿ, ಸುಮಾರು ಒಂದು ವರ್ಷ ಅಲ್ಲಿಯೇ ಸಾಧನೆ ಮಾಡಿದ. ಕಾಲುಮಣೆಗಳ ನಕ್ಷೆಯನ್ನು ಬರೆದು ಎದುರಿನ ಗೋಡೆಗೆ ಅಂಟಿಸಿಕೊಂಡು, ತಲೆ ಬಗ್ಗಿಸದೆ ಪಾದವನ್ನು ಪಳಗಿಸಿದುದಾಗಿ ಆತನೇ ಹೇಳಿಕೊಂಡಿದ್ದಾನೆ. 1956ರಲ್ಲಿ ಬ್ಲೂ ನೋಟ್ ಸಂಸ್ಥೆ ಆತನ ಮೊದಲ ತಟ್ಟೆಯನ್ನು ಹೊರತಂದಾಗ, ಬಲಗೈಯಿಂದ ಓಡುವ ರಾಗವನ್ನೂ ಎಡಗೈ ಪಾದಗಳಿಂದ ನಡೆಯುವ ಮಂದ್ರವನ್ನೂ ಒಬ್ಬನೇ ನಿರ್ವಹಿಸುವುದನ್ನು ಕೇಳಿ ಜನ ಬೆರಗಾದರು. ಉಗ್ರಾಣದ ಆ ವರ್ಷಕ್ಕೆ ಮಾತ್ರ ಯಾರೂ ಸಂಬಳ ಕೊಡಲಿಲ್ಲ. ತಟ್ಟೆಯ ಬೆಲೆಯನ್ನು ಬಿಡಿಸಿ ನೋಡಿದರೆ ರಟ್ಟಿನ ಬೆಲೆ, ಅಚ್ಚಿನ ಕೂಲಿ, ಸಾಗಣೆ, ಅಂಗಡಿಯವನ ಲಾಭ ಎಲ್ಲವೂ ಅದರಲ್ಲಿ ಸಿಕ್ಕುತ್ತವೆ. ಆ ವರ್ಷ ಸಿಕ್ಕುವುದಿಲ್ಲ.

ವಾದಕರು ಬರಿಯ ಅನ್ಯಾಯಕ್ಕೆ ಗುರಿಯಾದ ಮುಗ್ಧರೆಂದು ನಾನು ಹೇಳುತ್ತಿಲ್ಲ. ಸಂಗತಿ ಅಷ್ಟು ಸರಳವಲ್ಲ. ಎಡಗೈಯೂ ಪಾದವೂ ಮಂದ್ರವನ್ನು ನುಡಿಸಬಲ್ಲವಾದ ಮೇಲೆ ಮಂದ್ರತಂತಿಯ ದೊಡ್ಡ ವಾದ್ಯದವನು ಏಕೆ ಬೇಕು? ಆರ್ಗನ್, ಡ್ರಮ್, ಜೊತೆಗೊಂದು ಗಿಟಾರೋ ಸ್ಯಾಕ್ಸಫೋನೋ ಇದ್ದರೆ ಮೂವರಲ್ಲಿ ಕಛೇರಿ ಸಾಗುತ್ತದೆ. ಪಾನಗೃಹದ ಒಡೆಯನಿಗೆ ಒಂದು ಕೂಲಿ ಉಳಿಯಿತು. ಒಬ್ಬನ ಮನೆಯಲ್ಲಿ ಒಲೆ ಆರಿತು. ಹಾಗೆ ಅನ್ಯರ ಸ್ಥಾನವನ್ನು ಆಕ್ರಮಿಸಿದ ಆರ್ಗನ್ನಿಗೂ ಅದೇ ಗತಿ ಬಂದಿತು: ಒಬ್ಬನೇ ಕಂಕುಳಲ್ಲಿ ಒಯ್ಯಬಹುದಾದ ಹೊಸ ಯಂತ್ರಗಳು ಬಂದು, 1970ರ ದಶಕದ ನಡುಭಾಗದಲ್ಲಿ ಚಕ್ರದ ಆರ್ಗನ್ನುಗಳ ತಯಾರಿಕೆಯೇ ನಿಂತಿತು.

ತಟ್ಟೆಯೇ ವಾದಕನ ಪ್ರತಿಸ್ಪರ್ಧಿ ಎಂಬುದನ್ನು ಕೂಗಿ ಹೇಳಿದವನು ಅಮೆರಿಕದ ವಾದಕರ ಸಂಘದ ಅಧ್ಯಕ್ಷನಾಗಿದ್ದ ಜೇಮ್ಸ್ ಪೆಟ್ರಿಲೊ. ಒಮ್ಮೆ ನುಡಿಸಿದ್ದು ಸಾವಿರ ಕಡೆ ಮೊಳಗಿದರೆ ಸಾವಿರ ಕಡೆ ನುಡಿಸುವವನಿಗೆ ಕೆಲಸವಿಲ್ಲ. ತಾನು ನೇಯ್ದ ಹಗ್ಗದಿಂದ ತನ್ನ ಕೊರಳನ್ನೇ ಬಿಗಿದುಕೊಂಡಂತೆ. ಆದುದರಿಂದ 1942ರ ಆಗಸ್ಟ್ 1ರಿಂದ ಸಂಘದ ವಾದಕರಾರೂ ತಟ್ಟೆಗೆ ನುಡಿಸಕೂಡದೆಂದು ಆತ ಕಟ್ಟುಮಾಡಿದ. ಅಧ್ಯಕ್ಷ ರೂಸ್‌ವೆಲ್ಟರು ಕೇಳಿಕೊಂಡರೂ ಬಗ್ಗಲಿಲ್ಲ. ದೊಡ್ಡ ಸಂಸ್ಥೆಗಳು ಒಪ್ಪಂದಕ್ಕೆ ಬಂದುದು 1944ರಲ್ಲಿ. 1948ರಲ್ಲಿ ಮತ್ತೊಮ್ಮೆ ನಿಷೇಧ. ಅದರ ಕೊನೆಗೆ ಒಂದು ನಿಧಿ ಹುಟ್ಟಿತು. ಮಾರಿದ ತಟ್ಟೆಗಳಿಂದ ಬಂದ ಒಂದು ಪಾಲನ್ನು ಆ ನಿಧಿಗೆ ಹಾಕಿ, ಉದ್ಯಾನಗಳಲ್ಲಿ ಶಾಲೆಗಳಲ್ಲಿ ಆಸ್ಪತ್ರೆಗಳಲ್ಲಿ ಜನರು ಹಣ ಕೊಡದೆ ಕೇಳುವ ಕಛೇರಿಗಳಿಗಾಗಿ ವಾದಕರಿಗೆ ಕೂಲಿ ಕೊಡತಕ್ಕದ್ದೆಂದು ಏರ್ಪಾಟಾಯಿತು. ಪೆಟ್ರಿಲೊ ಹಟಮಾರಿಯೆಂದು ಆ ಕಾಲದ ಪತ್ರಿಕೆಗಳು ಬೈದವು, ನಿಜವಿರಬಹುದು. ಆದರೆ ಈ ನಿಧಿಯಲ್ಲಿ ನನಗೊಂದು ಧರ್ಮಸೂಕ್ಷ್ಮ ಕಾಣುತ್ತದೆ. ಅದನ್ನು ಮುಂದೆ ಹೇಳುವೆನು.

ಇತರ ಸಂಕಟಗಳನ್ನು ಎಣಿಸುತ್ತ ಹೋದರೆ ಲೇಖನ ಬೆಳೆದೀತು. ಎರಡು ಸಾಕು. ನ್ಯೂಯಾರ್ಕ್ ನಗರದಲ್ಲಿ 1940ರಿಂದ 1967ರವರೆಗೆ ಪಾನಗೃಹಗಳಲ್ಲಿ ನುಡಿಸುವವನು ಪೋಲೀಸರಿಗೆ ಬೆರಳಚ್ಚು ಕೊಟ್ಟು ಒಂದು ಚೀಟಿಯನ್ನು ಪಡೆಯಬೇಕಾಗಿತ್ತು. ಅದನ್ನು ಕಿತ್ತುಕೊಂಡರೆ ಜೀವನೋಪಾಯವನ್ನೇ ಕಿತ್ತುಕೊಂಡಂತೆ. ಥೆಲೋನಿಯಸ್ ಮಾಂಕ್ ಎಂಬ ಮಹಾವಾದಕ 1951ರಲ್ಲಿ ಚೀಟಿಯನ್ನು ಕಳೆದುಕೊಂಡು ಆರು ವರ್ಷ ಅಲ್ಲಿನ ಪಾನಗೃಹಗಳಲ್ಲಿ ನುಡಿಸಲಾರದೆ ಹೋದ. ಆತನ ತಟ್ಟೆಗಳು ಮಾತ್ರ ಅದೇ ನಗರದ ಅಂಗಡಿಗಳಲ್ಲಿ ದೊರೆಯುತ್ತಿದ್ದವು. ಇನ್ನೊಂದು: ಆ ದೇಶದ ಆಕಾಶವಾಣಿಯಲ್ಲಿ ತಟ್ಟೆಯನ್ನು ಹಾಕಿದರೆ ರಚಿಸಿದವನಿಗೆ ಹಣ ಸಲ್ಲುತ್ತದೆ, ನುಡಿಸಿದವನಿಗೆ ಸಲ್ಲುವುದಿಲ್ಲ, ಇಂದಿಗೂ ಹಾಗೆಯೇ.

ಈಗ ಪ್ರಶ್ನೆಗೆ ಬರೋಣ. ನನ್ನ ಪರಿಚಿತರಾದ ವಕೀಲರೊಬ್ಬರು ಹೇಳುವುದಿಷ್ಟು: ವಾದಕ ಒಪ್ಪಿ ಕೂಲಿ ಪಡೆದ, ಸಂಸ್ಥೆ ತಟ್ಟೆ ಮಾರಿತು, ನಿಮ್ಮ ಮಿತ್ರರು ಹಣ ಕೊಟ್ಟು ಕೊಂಡರು, ಇದರಲ್ಲಿ ಬಾಕಿ ಎಲ್ಲಿದೆ? ವಾದ ಲೆಕ್ಕದ ಮಟ್ಟಿಗೆ ಸರಿ. ಆದರೂ ಕಾನೂನಿಗೇ ಇದು ಎಲ್ಲ ಕಡೆಯೂ ತೃಪ್ತಿ ಕೊಟ್ಟಂತಿಲ್ಲ. ಚಿತ್ರಗಾರನ ಪಟ ಕೈಯಿಂದ ಕೈಗೆ ಮಾರಾಟವಾಗಿ ಬೆಲೆ ಏರಿದಾಗ ಅದರಲ್ಲಿ ಆತನಿಗೂ ಪಾಲುಂಟೆಂದು ಫ್ರಾನ್ಸ್ ದೇಶ 1920ರಲ್ಲಿಯೇ ಶಾಸನ ಮಾಡಿತು. ನಮ್ಮ ದೇಶದ ಕೃತಿಸ್ವಾಮ್ಯದ ಶಾಸನದಲ್ಲಿಯೂ ಅಂಥ ವಿಧಿ ಇದೆ. ತಟ್ಟೆಯ ಮರುಮಾರಾಟದಲ್ಲಿ ನುಡಿಸಿದವನಿಗೆ ಇಂಥದು ಏನೂ ಇಲ್ಲ. ಹಳೆಯ ಅಚ್ಚಿನ ತಟ್ಟೆಗಾಗಿ ನನ್ನ ಮಿತ್ರರು ತೆತ್ತ ಹಣ ಒಬ್ಬ ಸಂಗ್ರಾಹಕನಿಂದ ಇನ್ನೊಬ್ಬ ಸಂಗ್ರಾಹಕನಿಗೆ ಹೋಯಿತು, ಅಷ್ಟೆ.

ಎರಡನೆಯ ವಾದ ಹೆಚ್ಚು ಅಪಾಯಕರವಾದುದು, ಏಕೆಂದರೆ ಅದು ರಸಿಕರ ಬಾಯಿಂದ ಬರುತ್ತದೆ. ಕಷ್ಟದಲ್ಲಿ ಬೆಂದುದರಿಂದಲೇ ಆ ದನಿ ಹದವಾಯಿತು, ಸುಖವಾಗಿದ್ದರೆ ಆತ ಹಾಗೆ ನುಡಿಸುತ್ತಿರಲಿಲ್ಲ ಎಂಬುದು ಈ ವಾದ. ಉಗ್ರಾಣದ ವರ್ಷ ಕಷ್ಟದ್ದಲ್ಲವೆ ಎಂದು ಕೇಳಬಹುದು. ಅದು ಶ್ರಮ, ಶ್ರಮಕ್ಕೆ ಕಾಲಾವಕಾಶ ಬೇಕು, ಬಡತನ ಕೊಡದಿರುವುದು ಅದನ್ನೇ. ಜಿಮ್ಮಿ ಮೆಗ್ರಿಫ್ ಎಂಬವನು ಆರ್ಗನ್ನಿಗೆ ಬರುವ ಮೊದಲು ಎರಡು ವರ್ಷಕ್ಕೂ ಮಿಕ್ಕಿ ಫಿಲಡೆಲ್ಫಿಯಾದ ಪೋಲೀಸಿನವನಾಗಿದ್ದ. ಲಾಠಿ ಹಿಡಿದು ಆತನ ಬೆರಳು ಪಳಗಿತೆಂದು ಯಾರೂ ಹೇಳಲಾರರು. ಬ್ಲೂ ನೋಟ್ ಸಂಸ್ಥೆಯ ತಟ್ಟೆಗಳು ಅಷ್ಟು ಸೊಗಸಾಗಿರಲು ಒಂದು ಕಾರಣವನ್ನು ಬಲ್ಲವರು ಹೇಳುತ್ತಾರೆ: ಅವರು ಮುದ್ರಣದ ದಿನಕ್ಕೆ ಮಾತ್ರವಲ್ಲದೆ ಅದಕ್ಕೆ ಮುಂಚಿನ ಅಭ್ಯಾಸದ ದಿನಗಳಿಗೂ ಹಣ ಕೊಡುತ್ತಿದ್ದರು. ಆರ್ಗನ್ನಿಗೆ ಹೊಸ ದಾರಿಯನ್ನೇ ತೆರೆದ, 1965ರಲ್ಲಿ ‘ಯೂನಿಟಿ’ ಎಂಬ ತಟ್ಟೆಯನ್ನು ಮುದ್ರಿಸಿದ ಲ್ಯಾರಿ ಯಂಗ್ 1978ರಲ್ಲಿ ತೀರಿಕೊಂಡ. ಆತನಿಗೂ 37 ವರ್ಷ. ಆ ಸಾವು ಯಾವ ಸಂಗೀತವನ್ನು ಹದಮಾಡಿತು?

ನಮ್ಮ ಅಲಂಕಾರಶಾಸ್ತ್ರಜ್ಞರು ಶೋಕವೇ ಕಾವ್ಯದಲ್ಲಿ ಕರುಣರಸವಾಗಿ ಆಸ್ವಾದ್ಯವಾಗುತ್ತದೆಂದು ಹೇಳಿದರು. ರಂಗದ ಮೇಲೆ ಸೀತೆ ಅತ್ತರೆ ನಾವು ಎದ್ದುಹೋಗಿ ಕಣ್ಣೊರಸಬೇಕಾಗಿಲ್ಲ. ಕುಳಿತು ಸವಿಯಬಹುದು, ಸವಿಯಬೇಕು. ಆ ಅಧಿಕಾರ ಸಹೃದಯನಿಗೆ ಕೃತಿಯ ವಿಷಯದಲ್ಲಿ ಮಾತ್ರ ಇದೆ. ನಾನು ಮಾಡಿದುದೇನು? ವಿಲೆಟ್ಟನ ಸಾವಿನ ಸುದ್ದಿಯನ್ನು ಕೇಳಿ, ಆ ಶೋಕವನ್ನು ಬೆಲ್ಲದಂತೆ ನಾಲಗೆಯ ಮೇಲಿಟ್ಟುಕೊಂಡು, ಮತ್ತೊಮ್ಮೆ ತಟ್ಟೆಯನ್ನು ಕೇಳಿದೆ, ಇನ್ನೂ ಇಂಪಾಯಿತು. ಒಬ್ಬ ಮನುಷ್ಯನ ಬಾಳನ್ನೇ ವಿಭಾವವನ್ನಾಗಿ ಮಾಡಿಕೊಂಡೆ. ನನ್ನ ಕನಿಕರದಲ್ಲಿ ರುಚಿಯಿತ್ತು. ರುಚಿಯಿರುವ ಕನಿಕರ ಯಾರ ಹೊಟ್ಟೆಯನ್ನೂ ತುಂಬಿಸುವುದಿಲ್ಲ.

ಆದರೆ ಸತ್ತವನಿಗೆ ಋಣವನ್ನು ತೀರಿಸುವುದು ಹೇಗೆ? ಇಲ್ಲಿ ನಮ್ಮ ಹಿರಿಯರ ಮಾತು ಸಹಾಯಕ್ಕೆ ಬರುತ್ತದೆ. ಋಷಿಋಣವೆಂದು ಅವರು ಒಂದನ್ನು ಹೇಳಿದರಷ್ಟೆ. ಅದನ್ನು ಋಷಿಗಳಿಗೆ ಹಿಂದಿರುಗಿಸಿ ಎಂದು ಹೇಳಲಿಲ್ಲ. ಓದಿ, ಓದಿಸಿ, ಮುಂದಿನವನಿಗೆ ದಾಟಿಸಿ ತೀರಿಸಬೇಕು. ಪೆಟ್ರಿಲೊ ಕಟ್ಟಿಸಿದ ನಿಧಿಯಲ್ಲಿ ನಾನು ಕಂಡ ಸೂಕ್ಷ್ಮ ಇದೇ: ತಟ್ಟೆಯಿಂದ ಬಂದ ಕಾಸು ತಟ್ಟೆಗೆ ನುಡಿಸಿದವನಿಗಲ್ಲದೆ, ಎಲ್ಲಿಯೋ ಉದ್ಯಾನದಲ್ಲಿ ಇಂದು ನುಡಿಸುತ್ತಿರುವ ಇನ್ನೊಬ್ಬನಿಗೆ ಸಲ್ಲುತ್ತದೆ. ಆರ್ಗನ್ ವಾದಕಿಯಾಗಿ ಹೆಸರಾದ ಷರ್ಲಿ ಸ್ಕಾಟ್ ಎಂಬಾಕೆ ತನ್ನ ಕೊನೆಗಾಲದಲ್ಲಿ ಕಾಲೇಜೊಂದರಲ್ಲಿ ಪಾಠ ಹೇಳುತ್ತಿದ್ದುದೂ ಇದೇ ದಾಟಿಸುವ ಕೆಲಸ.

ಇಷ್ಟನ್ನು ಬರೆದು ಸಮಾಧಾನ ಪಡುವಂತಿದ್ದರೆ ಚೆನ್ನಾಗಿತ್ತು. ಆ ತಟ್ಟೆಯನ್ನು ಕೇಳಿದ ತಿಂಗಳಿನಲ್ಲಿಯೇ ನಮ್ಮ ಮನೆಯಲ್ಲಿ ಮದುವೆ ನಡೆಯಿತು. ವಾಲಗದವರು ನಾಲ್ವರು ಬರುವರೆಂದು ಮುಖಂಡ ಹೇಳಿದಾಗ, ಶ್ರುತಿ ಹಿಡಿಯುವುದಕ್ಕೆ ಒಬ್ಬ ಮನುಷ್ಯನೇಕೆ, ಈಗ ವಿದ್ಯುತ್ತಿನ ಶ್ರುತಿಪೆಟ್ಟಿಗೆ ಇದೆಯಲ್ಲ ಎಂದು ನಾನು ಕೇಳಿದೆ. ಆತ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಆಗಲಿ ಸ್ವಾಮಿ’ ಎಂದ. ಮೂವರು ಬಂದರು. ಚಪ್ಪರದ ಕಂಬದ ಬಳಿ ಪೆಟ್ಟಿಗೆ ತಾನೇ ತಾನಾಗಿ ಗುಂಯ್‌ಗುಟ್ಟುತ್ತಿತ್ತು. ಶ್ರುತಿ ಕಿಂಚಿತ್ತೂ ಕದಲಲಿಲ್ಲವೆಂದು ನೆಂಟರು ಹೊಗಳಿದರು. ನನಗೆ ಉಳಿದ ಹಣ ಊಟದೆಲೆಯ ಖರ್ಚಿಗೂ ಸಾಲದಷ್ಟು. ಬಾರದೆ ಹೋದ ನಾಲ್ಕನೆಯವನು ಯಾರೆಂದು ನಾನು ಕೇಳಲಿಲ್ಲ. ಈಗ ಕೇಳಲು ನಾಚಿಕೆಯಾಗುತ್ತದೆ.

ಬಫೆಲೋ ನಗರದ ಲಾನಿ ಸ್ಮಿತ್ ಹೇಳುತ್ತಿದ್ದ ಸಂಗತಿಯೊಂದಿದೆ. ಎಳೆಯನಾಗಿದ್ದಾಗ ಆತ ವಾದ್ಯಗಳ ಅಂಗಡಿಯೊಂದಕ್ಕೆ ದಿನವೂ ಹೋಗಿ ಬಾಗಿಲು ಮುಚ್ಚುವವರೆಗೆ ಕುಳಿತಿರುತ್ತಿದ್ದನಂತೆ. ಒಂದು ದಿನ ಅಂಗಡಿಯವನು ಕಾರಣ ಕೇಳಿದ. ವಾದ್ಯವಿದ್ದರೆ ಕೆಲಸ ಸಿಕ್ಕೀತು, ಕೆಲಸ ಸಿಕ್ಕಿದರೆ ಬದುಕಬಹುದು ಎಂದು ಹುಡುಗ ಉತ್ತರ ಕೊಟ್ಟ. ಬಳಿಕ ಒಂದು ದಿನ ಅಂಗಡಿಯವನು ಬಾಗಿಲೆಳೆದು ಆತನನ್ನು ಹಿಂಭಾಗಕ್ಕೆ ಕರೆದುಕೊಂಡು ಹೋಗಿ ಹ್ಯಾಮಂಡ್ ಆರ್ಗನ್ನೊಂದನ್ನು ತೋರಿಸಿ, ಇದನ್ನು ಇಲ್ಲಿಂದ ಹೊರಕ್ಕೆ ಸಾಗಿಸಬಲ್ಲೆಯಾದರೆ ನಿನ್ನದು ಎಂದ. ಪತ್ರವನ್ನೂ ಬರೆಸಿಕೊಳ್ಳಲಿಲ್ಲ, ಗಡುವನ್ನೂ ಹೇಳಲಿಲ್ಲ. ಲಾನಿ ಸ್ಮಿತ್ ಯಾರಿಂದಲೂ ಪಾಠ ಹೇಳಿಸಿಕೊಳ್ಳದೆ ತಾನೇ ಕಲಿತು, 2021ರಲ್ಲಿ ತೀರಿಕೊಳ್ಳುವವರೆಗೆ ಅರ್ಧ ಶತಮಾನಕ್ಕೂ ಮಿಕ್ಕಿ ನುಡಿಸಿದ. ಆ ಅಂಗಡಿಯವನ ಮಾತನ್ನು ಕೇಳಿದವರಿಗೆಲ್ಲ ಹೇಳುತ್ತಿದ್ದ.