ಕಪಾಟಿನೊಳಗಣ ಸರಸ್ವತಿ

ಶರನ್ನವರಾತ್ರವು ಸಮೀಪಿಸಿತೆಂದರೆ ನಮ್ಮ ಮನೆಗಳಲ್ಲಿ ಗ್ರಂಥಗಳಿಗೆ ವರ್ಷಕ್ಕೊಮ್ಮೆ ಬಿಡುಗಡೆ ದೊರೆಯುತ್ತದೆ. ಮೂಲಾ ನಕ್ಷತ್ರದಂದು ಕಪಾಟಿನ ಬಾಗಿಲು ತೆರೆದು, ಧೂಳು ಕೊಡವಿ, ಪುಸ್ತಕಗಳನ್ನು ಪೀಠದ ಮೇಲಿರಿಸಿ, ವಸ್ತ್ರ ಹೊದಿಸಿ, ಗಂಧಾಕ್ಷತೆ ಪುಷ್ಪಗಳಿಂದ ಅರ್ಚಿಸಿ ಸರಸ್ವತಿಯನ್ನು ಆವಾಹಿಸುತ್ತೇವೆ. ಶ್ರವಣ ನಕ್ಷತ್ರದಂದು ವಿಸರ್ಜನೆ. ಗ್ರಂಥವು ಪೀಠದಲ್ಲಿರುವಷ್ಟು ಕಾಲ ಓದುವುದು, ಪಾಠ ಹೇಳುವುದು, ಬರೆಯುವುದು ಈ ಮೂರೂ ಕೂಡದೆಂದು ಶಾಸ್ತ್ರವಿಧಿ. ಈ ವಿಧಿಯನ್ನು ನಾವು ಬಾಲ್ಯದಿಂದಲೂ ತಪ್ಪದೆ ಪಾಲಿಸಿಕೊಂಡು ಬಂದಿದ್ದೇವೆ. ಆದರೆ ಕಳೆದ ವರ್ಷ ಪೂಜೆಗೆ ಕುಳಿತಾಗ ಒಂದು ಸಂಶಯವು ಮನಸ್ಸನ್ನು ಕಾಡಿತು. ದಿನವೂ ಓದುವವನಿಗಲ್ಲವೇ ಈ ಮೂರು ನಾಲ್ಕು ದಿನಗಳ ಅನಧ್ಯಯನಕ್ಕೆ ಅರ್ಥ? ವರ್ಷದ ಉಳಿದ ದಿನಗಳಲ್ಲಿಯೂ ಪುಸ್ತಕವನ್ನು ಮುಟ್ಟದವನು ಈ ದಿನಗಳಲ್ಲಿ ಮುಟ್ಟದಿರುವುದರಿಂದ ಯಾವ ನಿಯಮವನ್ನು ಪಾಲಿಸಿದಂತಾಯಿತು?

ಸಂಶಯ ಹುಟ್ಟಿದ ಮೇಲೆ ಪ್ರಮಾಣವನ್ನು ಅರಸಬೇಕಷ್ಟೆ. ವಿಸರ್ಜನೆಯಾದ ಮರುದಿನ ನಾವು ಮನೆಯ ಪುಸ್ತಕಗಳನ್ನು ಎಣಿಸಲು ಕುಳಿತೆವು. ಒಟ್ಟು 286 ಪುಸ್ತಕಗಳು. ಅವುಗಳಲ್ಲಿ ಆದ್ಯಂತವಾಗಿ ಓದಿದವು 63. ಅಲ್ಲಲ್ಲಿ ತೆರೆದು, ಮುನ್ನುಡಿಯನ್ನೋ ಮೊದಲ ಅಧ್ಯಾಯವನ್ನೋ ನೋಡಿ ಮುಚ್ಚಿಟ್ಟವು 71. ಹೆಸರು ಬರೆದು ದಿನಾಂಕ ಹಾಕಿ ಇರಿಸಿದ್ದನ್ನು ಬಿಟ್ಟರೆ ತೆರೆಯದೆಯೇ ಉಳಿದವು 152. ತಿಂಗಳಿಗೆ ಒಂದರಂತೆ ಓದಿದರೂ ಬಾಕಿಯನ್ನು ತೀರಿಸಲು ಹದಿನೆಂಟು ವರ್ಷಗಳಿಗೂ ಹೆಚ್ಚು ಕಾಲ ಬೇಕು. ಅಷ್ಟರಲ್ಲಿ ಪ್ರತಿ ವರ್ಷವೂ ಇಪ್ಪತ್ತು ಪುಸ್ತಕಗಳಾದರೂ ಹೊಸದಾಗಿ ಬಂದು ಸೇರುತ್ತವೆ. ಸಾಲಗಾರನು ಬಡ್ಡಿಯನ್ನೂ ಕಟ್ಟಲಾರದೆ ಅಸಲನ್ನು ಬೆಳೆಸಿಕೊಂಡ ಸ್ಥಿತಿ ನಮ್ಮದಾಗಿತ್ತು.

ಇವೆಲ್ಲ ಬಂದ ಬಗೆಯನ್ನು ಓದುಗರಿಗೆ ವಿವರಿಸಬೇಕಾದುದಿಲ್ಲ. ಚಾತುರ್ಮಾಸ್ಯದ ಪ್ರವಚನ ಮುಗಿದು ಮಂಟಪದಿಂದ ಹೊರಬರುವಾಗ ಬಾಗಿಲ ಬಳಿಯಲ್ಲಿ ಪುಸ್ತಕದ ಮೇಜು ಇರುತ್ತದೆ. ಕೇಳಿದ ವಿಷಯದ ಕಾವು ಇನ್ನೂ ಆರಿರುವುದಿಲ್ಲ. ಈ ವರ್ಷ ಮಹಾಭಾರತತಾತ್ಪರ್ಯನಿರ್ಣಯದ ಮೂವತ್ತೆರಡು ಅಧ್ಯಾಯಗಳನ್ನೂ ಓದಿಯೇ ತೀರುವೆವೆಂಬ ಸಂಕಲ್ಪ ಆ ಕ್ಷಣದಲ್ಲಿ ಪ್ರಾಮಾಣಿಕವಾದುದೇ. ಹಣ ಕೊಟ್ಟು ಪುಸ್ತಕವನ್ನು ಚೀಲಕ್ಕೆ ಸೇರಿಸುವಾಗ ಅರ್ಧ ಓದಿಯೇ ಆಯಿತೆಂಬ ತೃಪ್ತಿ ಉಂಟಾಗುತ್ತದೆ. ಉಳಿದರ್ಧವನ್ನು ಕಪಾಟು ನೋಡಿಕೊಳ್ಳುತ್ತದೆ. ಉಪನಯನ ಷಷ್ಟ್ಯಬ್ದಿಗಳಲ್ಲಿ ಹಂಚಿದ ಸ್ತೋತ್ರಸಂಗ್ರಹಗಳು, ಬಿ.ಎ. ತರಗತಿಯ ಪಠ್ಯಗಳು, ನೆಂಟರು ಊರು ಬಿಡುವಾಗ ಇರಲೆಂದು ಇಟ್ಟುಹೋದವು ಇವೆಲ್ಲ ಆ ಎಣಿಕೆಯಲ್ಲಿ ಸೇರಿವೆ. ಮೊಬೈಲಿನಲ್ಲಿ ಸಂಗ್ರಹಿಸಿಟ್ಟ ಪಿಡಿಎಫ್ ಪ್ರತಿಗಳನ್ನು ನಾವು ಲೆಕ್ಕಕ್ಕೇ ತೆಗೆದುಕೊಂಡಿಲ್ಲ.

ಇನ್ನೊಂದು ಕಪಾಟನ್ನೂ ನೆನೆಯಬೇಕು. ನಮ್ಮ ತೀರ್ಥರೂಪರು ದೇವಾಲಯದ ಅರ್ಚಕರಾಗಿದ್ದವರು. ಅವರ ಪುಸ್ತಕಗಳು ಒಟ್ಟು ಹನ್ನೊಂದು. ಅವುಗಳಲ್ಲಿ ಸುಮಧ್ವವಿಜಯದ ಪ್ರತಿಯ ಅಂಚುಗಳು ಬೆರಳಿನ ತೇವಕ್ಕೆ ದುಂಡಗಾಗಿ ಸವೆದುಹೋಗಿವೆ. ಹದಿನಾರು ಸರ್ಗಗಳನ್ನು ಅವರು ಎಷ್ಟು ಬಾರಿ ಆವರ್ತಿಸಿದ್ದರೋ ದೇವರೇ ಬಲ್ಲ. ಹನ್ನೊಂದು ಪುಸ್ತಕಗಳ ಆ ಗೂಡಿನ ಮುಂದೆ 286ರ ನಮ್ಮ ಕಪಾಟು ತಲೆ ತಗ್ಗಿಸುತ್ತದೆ.

ಇಲ್ಲಿ ವಿಚಾರಿಸಬೇಕಾದ ವಿಷಯವಿದು: ಓದದ ಗ್ರಂಥಗಳನ್ನು ಮನೆಯಲ್ಲಿ ಇಟ್ಟುಕೊಂಡಿರುವುದು ದೋಷವೇ? ದೋಷವಾದರೆ ಯಾವ ಬಗೆಯದು? ಪಾಠಶಾಲೆಯಲ್ಲಿ ಕಲಿಸಿದ ಕ್ರಮದಂತೆ ಮೊದಲು ಪೂರ್ವಪಕ್ಷವನ್ನು ಕೇಳೋಣ.

ಒಂದನೆಯ ಪಕ್ಷ ಹೀಗಿದೆ. ಶಾಸ್ತ್ರವು ಅಪಾರ, ಆಯುಷ್ಯವು ಅಲ್ಪ, ಓದದೆ ಉಳಿಯುವುದು ಅನಿವಾರ್ಯ, ಅನಿವಾರ್ಯವಾದುದಕ್ಕೆ ದೋಷವೆಲ್ಲಿ? ಇದಕ್ಕೆ ತೈತ್ತಿರೀಯ ಬ್ರಾಹ್ಮಣದ ಭರದ್ವಾಜರ ಕಥೆಯ ಬೆಂಬಲವೂ ಉಂಟು. ಭರದ್ವಾಜರು ಮೂರು ಆಯುಷ್ಯಗಳನ್ನು ಬ್ರಹ್ಮಚರ್ಯದಿಂದ ವೇದಾಧ್ಯಯನದಲ್ಲಿಯೇ ಕಳೆದರು. ಜೀರ್ಣರಾಗಿ ಮಲಗಿದ್ದ ಅವರ ಬಳಿಗೆ ಇಂದ್ರನು ಬಂದು, ನಾಲ್ಕನೆಯ ಆಯುಷ್ಯವನ್ನು ಕೊಟ್ಟರೆ ಏನು ಮಾಡುವಿರೆಂದು ಕೇಳಿದನು. ಮತ್ತೆ ಅಧ್ಯಯನವನ್ನೇ ಮಾಡುವೆನೆಂದರು ಅವರು. ಆಗ ಇಂದ್ರನು ಬೆಟ್ಟಗಳಂತಿರುವ ಮೂರು ರಾಶಿಗಳನ್ನು ತೋರಿಸಿ, ಒಂದೊಂದರಿಂದ ಒಂದೊಂದು ಹಿಡಿ ತೆಗೆದು, ಮೂರು ಜನ್ಮಗಳಲ್ಲಿ ನೀವು ಕಲಿತದ್ದು ಇಷ್ಟು, ಉಳಿದದ್ದು ಅಷ್ಟೂ ಕಲಿಯದುದೇ ಎಂದು ತಿಳಿಸಿದನಂತೆ. ಭರದ್ವಾಜರ ಪಾಡೇ ಹೀಗಾದರೆ ನಮ್ಮಂಥವರ ಮಾತೇನು?

ಈ ಕಥೆಯು ಸಮಾಧಾನವನ್ನು ಕೊಡುವುದು ನಿಜ. ಆದರೆ ಯಾರಿಗೆ ಎಂಬುದನ್ನು ಗಮನಿಸಬೇಕು. ಮೂರು ಹಿಡಿಯನ್ನು ಸಂಪಾದಿಸಿದವನಿಗೆ, ಉಳಿದ ಬೆಟ್ಟಕ್ಕಾಗಿ ಅಳಬೇಡವೆಂದು ಅದು ಹೇಳುತ್ತದೆ. ಬೆಟ್ಟವನ್ನು ಕೊಂಡು ತಂದು ಮನೆಯಲ್ಲಿಟ್ಟು ಒಂದು ಹಿಡಿಯನ್ನೂ ತೆಗೆಯದವನ ವಿಷಯ ಅದರಲ್ಲಿ ಇಲ್ಲ. ಇನ್ನೊಂದು ಆಯುಷ್ಯ ದೊರೆತರೆ ಓದುವೆನೆಂದರು ಭರದ್ವಾಜರು. ಒಂದು ರಜಾದಿನ ದೊರೆತರೆ ನಾವು ಏನು ಮಾಡುತ್ತೇವೆಂಬುದು ನಮಗೇ ಗೊತ್ತು. ಹಾಗಾದರೆ ಎಲ್ಲವನ್ನೂ ಓದಲಾಗದಿರುವುದು ದೋಷವಲ್ಲ. ಇಷ್ಟನ್ನು ಒಪ್ಪೋಣ.

ಎರಡನೆಯ ಪಕ್ಷವು ಇದಕ್ಕಿಂತ ಬಲವಾದುದು. ಇಂದು ಓದುವವರಿಲ್ಲದಿದ್ದರೂ ಮುಂದೆ ಓದುವವನಿಗಾಗಿ ಗ್ರಂಥವನ್ನು ಕಾಪಾಡುವುದೇ ಒಂದು ಸೇವೆ ಎಂಬುದು ಆ ಪಕ್ಷ. ಇದನ್ನು ಸುಲಭವಾಗಿ ತಳ್ಳಿಹಾಕಲಾಗದು. ಶ್ರೀಮದಾಚಾರ್ಯರ ಸಾಕ್ಷಾತ್ ಶಿಷ್ಯರಾದ ಶ್ರೀಹೃಷೀಕೇಶತೀರ್ಥರು ತುಳುಲಿಪಿಯಲ್ಲಿ ಬರೆದಿರಿಸಿದ ಸರ್ವಮೂಲದ ತಾಳೆಯೋಲೆಯ ಪ್ರತಿ ಪಲಿಮಾರು ಮಠದಲ್ಲಿ ಶತಮಾನಗಳ ಕಾಲ ರಕ್ಷಿತವಾಗಿ ಉಳಿಯಿತು. ಇಪ್ಪತ್ತನೆಯ ಶತಮಾನದಲ್ಲಿ ಬನ್ನಂಜೆ ಗೋವಿಂದಾಚಾರ್ಯರು ಸರ್ವಮೂಲವನ್ನು ಸಂಪಾದಿಸಲು ಹೊರಟಾಗ ಅದೇ ಆಧಾರವಾಯಿತು. ನಡುವೆ ಎಷ್ಟೋ ತಲೆಮಾರುಗಳು ಆ ಕಟ್ಟನ್ನು ಬಿಚ್ಚಿ ಓದದೆ ಬರಿದೆ ಪೂಜಿಸಿಯೇ ಕಾಪಾಡಿದ್ದಿರಬಹುದು. ಅವರ ಆ ಪೂಜೆಯನ್ನು ವ್ಯರ್ಥವೆನ್ನುವ ಧೈರ್ಯ ನಮಗಿಲ್ಲ.

ಆದರೆ ಕಾಪಾಡುವವನಿಗೂ ಒಂದು ಧರ್ಮವಿದೆ. ಓದುವವನು ಬಂದಾಗ ಬಾಗಿಲು ತೆರೆಯುವುದೇ ಆ ಧರ್ಮ. ಇಲ್ಲಿ ನಮ್ಮ ಒಂದು ತಪ್ಪನ್ನು ನಿವೇದಿಸದೆ ಮುಂದುವರಿಯಲಾಗದು.

ಕೆಲವು ವರ್ಷಗಳ ಹಿಂದೆ ಪಾಠಶಾಲೆಯ ವಿದ್ಯಾರ್ಥಿಯೊಬ್ಬನು ನಮ್ಮ ಮನೆಗೆ ಬಂದು, ಮೇಲೆ ಹೇಳಿದ ತಾತ್ಪರ್ಯನಿರ್ಣಯದ ಸಾನುವಾದ ಸಂಪುಟಗಳನ್ನು ಓದಲು ಕೊಡುವಿರಾ ಎಂದು ಕೇಳಿದನು. ಆ ಮುದ್ರಣದ ಪ್ರತಿಗಳು ಆಗ ಅಂಗಡಿಗಳಲ್ಲಿ ದೊರೆಯುತ್ತಿರಲಿಲ್ಲ. ಬರುವ ಚಾತುರ್ಮಾಸ್ಯದಲ್ಲಿ ನಾವೇ ಪ್ರಾರಂಭಿಸಬೇಕೆಂದಿದ್ದೇವೆ ಎಂದು ಹೇಳಿ ಕಳುಹಿಸಿದೆವು. ಪರಹಸ್ತಕ್ಕೆ ಹೋದ ಪುಸ್ತಕ ಹೋದಂತೆಯೇ ಎಂಬ ಹಳೆಯ ಸುಭಾಷಿತದ ನೀತಿಯೂ ನೆನಪಿಗೆ ಬಂದು ನಮ್ಮನ್ನು ಸಮರ್ಥಿಸಿತು. ಮರುವರ್ಷ ಅವನು ಮತ್ತೆ ಬಂದು, ತಮ್ಮ ಪಾರಾಯಣ ಮುಗಿಯಿತೇ ಎಂದು ವಿನಯದಿಂದಲೇ ಕೇಳಿದನು. ಆ ಪ್ರಶ್ನೆಯು ನಮ್ಮನ್ನು ಚುಚ್ಚಿತು. ಇನ್ನೂ ನಡೆಯುತ್ತಿದೆ ಎಂದು ಸುಳ್ಳು ಹೇಳಿದೆವು. ಅವನು ಮತ್ತೆ ಬರಲಿಲ್ಲ. ಆ ಮಳೆಗಾಲ ಕಳೆದ ಮೇಲೆ ತೇವದ ಗೋಡೆಗೆ ಒರಗಿದ್ದ ಕಪಾಟನ್ನು ಸರಿಸಿ ನೋಡಿದರೆ, ನಾವು ಪ್ರಾರಂಭಿಸದ ಆ ಸಂಪುಟಗಳನ್ನು ಗೆದ್ದಲು ಆದ್ಯಂತವಾಗಿ ಮುಗಿಸಿತ್ತು. ಕೈಯಲ್ಲಿ ಹಿಡಿದಾಗ ರಟ್ಟು ಉಳಿಯಿತು, ಹೊಟ್ಟೆಯು ಮಣ್ಣಾಗಿ ಉದುರಿತು. ವಿದ್ಯಾರ್ಥಿಯು ಅಷ್ಟರಲ್ಲಿ ಪಾಠಶಾಲೆಯನ್ನು ಬಿಟ್ಟು ಉದ್ಯೋಗಕ್ಕೆಂದು ಬೇರೆ ಊರಿಗೆ ಹೋಗಿದ್ದನು. ಅವನ ವಿಳಾಸವೂ ನಮಗೆ ದೊರೆಯಲಿಲ್ಲ.

ಈ ಪ್ರಸಂಗದಿಂದ ನಮಗೆ ತಿಳಿದುಬಂದ ಸಿದ್ಧಾಂತವಿದು. ದೋಷವು ಓದದಿರುವುದರಲ್ಲಿ ಇಲ್ಲ. ಓದುವೆವೆಂಬ ಸಂಕಲ್ಪವನ್ನೇ ಓದು ಎಂದು ಎಣಿಸಿ, ಆ ನೆಪದಿಂದ ಗ್ರಂಥವನ್ನು ಇತರರಿಂದ ತಡೆದು ಇಟ್ಟುಕೊಳ್ಳುವುದರಲ್ಲಿದೆ.

ಈ ಭ್ರಾಂತಿ ಹಿಂದಿನವರಿಗೆ ಅಷ್ಟಾಗಿ ಇರಲಿಲ್ಲವೆಂದು ತೋರುತ್ತದೆ. ಕಾರಣವು ಸ್ಪಷ್ಟ. ತಾಳೆಯೋಲೆಯ ಕಾಲದಲ್ಲಿ ಗ್ರಂಥವು ಬೇಕೆಂದವನು ಬಹುಮಟ್ಟಿಗೆ ಅದನ್ನು ತಾನೇ ಪ್ರತಿಮಾಡಿಕೊಳ್ಳಬೇಕಿತ್ತು. ಒಂದೊಂದು ಅಕ್ಷರವನ್ನೂ ಕಂಠದಿಂದ ಕೊರೆದು ಮುಗಿಸುವಷ್ಟರಲ್ಲಿ ಓದು ಒಮ್ಮೆಯಾದರೂ ಆಗಿಯೇ ತೀರುತ್ತಿತ್ತು. ಬೆನ್ನು ಸೊಂಟ ಕತ್ತುಗಳು ಬಗ್ಗಿಹೋದ ಕಷ್ಟವನ್ನು ಹೇಳಿ, ಇದನ್ನು ಜತನದಿಂದ ಕಾಪಾಡಿರೆಂದು ಬೇಡುವ ಲಿಪಿಕಾರರ ಶ್ಲೋಕಗಳನ್ನು ಹಳೆಯ ಪ್ರತಿಗಳ ಕೊನೆಯಲ್ಲಿ ಕಾಣುತ್ತೇವೆ. ಎಣ್ಣೆಯಿಂದಲೂ ನೀರಿನಿಂದಲೂ ಸಡಿಲವಾದ ಕಟ್ಟಿನಿಂದಲೂ ತನ್ನನ್ನು ರಕ್ಷಿಸಬೇಕೆಂದು, ಮೂರ್ಖನ ಕೈಗೆ ಕೊಡಬಾರದೆಂದು ಪುಸ್ತಕವೇ ಪ್ರಾರ್ಥಿಸುವ ಶ್ಲೋಕವೂ ಉಂಟು. ಬೀಗ ಹಾಕಿದ ಕಪಾಟಿನ ಭಯವನ್ನು ಮಾತ್ರ ಅದು ಹೇಳಿಲ್ಲ. ಅಂದು ಅದರ ಅಗತ್ಯ ಬಿದ್ದಿರಲಾರದು. ಮೊದಲು ಓದು, ಬಳಿಕ ಒಡೆತನ ಎಂಬುದು ಅಂದಿನ ಕ್ರಮ. ಮುದ್ರಣವು ಬಂದು ಮೊದಲು ಒಡೆತನ, ಬಳಿಕ ಓದು ಎಂದಾಯಿತು. ಆ 'ಬಳಿಕ' ಎಂಬುದಕ್ಕೆ ಅವಧಿಯನ್ನು ಗೊತ್ತುಮಾಡುವವರಿಲ್ಲ.

ಶ್ರೀಗಂಧದ ಹೊರೆಯನ್ನು ಹೊತ್ತ ಕತ್ತೆಗೆ ಭಾರ ತಿಳಿಯುವುದೇ ಹೊರತು ಗಂಧ ತಿಳಿಯದು ಎಂಬ ದೃಷ್ಟಾಂತವು ಸುಶ್ರುತಸಂಹಿತೆಯಲ್ಲಿದೆ. ಶಾಸ್ತ್ರಗಳನ್ನು ಬಹಳ ಓದಿಯೂ ಅರ್ಥವನ್ನು ಅರಿಯದವರ ವಿಷಯದಲ್ಲಿ ಹೇಳಿದ ಮಾತದು. ಓದದೆಯೇ ಹೊತ್ತಿರುವ ನಮ್ಮದು ಅದಕ್ಕಿಂತ ಒಂದು ಮೆಟ್ಟಿಲು ಕೆಳಗಿನ ಅವಸ್ಥೆ. ಇದಕ್ಕೆ ಪ್ರತಿಯಾಗಿ ನಮ್ಮ ಸಂಪ್ರದಾಯದಲ್ಲಿ ಇನ್ನೊಂದು ಹೊರೆಯ ಕಥೆಯಿದೆ. ಶ್ರೀಮದಾಚಾರ್ಯರ ಸಂಚಾರದಲ್ಲಿ ಗ್ರಂಥಗಳ ಹೊರೆಯನ್ನು ಹೊರುತ್ತಿದ್ದ ಎತ್ತೊಂದು, ಪಾಠ ನಡೆಯುವಾಗ ದೂರದಲ್ಲಿ ನಿಂತು ಕಿವಿಗೊಟ್ಟು ಕೇಳುತ್ತಿತ್ತೆಂದೂ, ಅದೇ ಮುಂದೆ ಟೀಕಾಚಾರ್ಯರಾದ ಶ್ರೀಜಯತೀರ್ಥರಾಗಿ ಜನಿಸಿ ಆಚಾರ್ಯರ ಗ್ರಂಥಗಳಿಗೆ ಟೀಕೆಗಳನ್ನು ರಚಿಸಿದರೆಂದೂ ಹಿರಿಯರು ಹೇಳುತ್ತಾರೆ. ಕತ್ತೆಯೂ ಹೊತ್ತಿತು, ಎತ್ತೂ ಹೊತ್ತಿತು. ವ್ಯತ್ಯಾಸವಿರುವುದು ಕಿವಿಯಲ್ಲಿ.

ನಮ್ಮ ಮಾತೃಶ್ರೀಯವರು ನಾಲ್ಕನೆಯ ತರಗತಿಯವರೆಗೆ ಮಾತ್ರ ಓದಿದವರು. ಅವರ ಹೆಸರಿನಲ್ಲಿ ಒಂದು ಪುಸ್ತಕವೂ ಮನೆಯಲ್ಲಿಲ್ಲ. ನಾವು ಈ ವರ್ಷ ಸಂಜೆಯ ದೀಪ ಹಚ್ಚಿದ ಮೇಲೆ ಭಾಗವತವನ್ನು ದಿನಕ್ಕೆ ಒಂದೆರಡು ಪುಟಗಳಂತೆ ಗಟ್ಟಿಯಾಗಿ ಓದಲು ತೊಡಗಿದಾಗ, ಮುಂದಿನ ಪ್ರಸಂಗವನ್ನು ಅವರೇ ಹೇಳುತ್ತಿದ್ದರು. ನಲವತ್ತು ವರ್ಷಗಳ ಪ್ರವಚನಶ್ರವಣವು ಅವರ ಬಳಿಯಲ್ಲಿ ಗೆದ್ದಲು ಹಿಡಿಯದೆ ಉಳಿದಿದೆ. ಎಣಿಕೆಯ ದಿನ ನಾವು ಅವರನ್ನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

ಇನ್ನು ಅನುಷ್ಠಾನದ ವಿಷಯ. ಬಾಕಿಯಿದ್ದ 223 ಪುಸ್ತಕಗಳನ್ನು ನಾವು ಮೂರು ರಾಶಿಗಳನ್ನಾಗಿ ವಿಂಗಡಿಸಿದೆವು. ನ್ಯಾಯಸುಧೆಯಂತಹ ಗ್ರಂಥಗಳು ಒಂದು ರಾಶಿ. ಇವುಗಳನ್ನು ಒಬ್ಬರೇ ಕುಳಿತು ಓದಿ ಮುಗಿಸುವೆವೆನ್ನುವುದು ಸಾಹಸ. ಗುರುಮುಖದಿಂದ ಹಲವು ವರ್ಷ ಪಾಠವಾಗಬೇಕಾದುವು. ಎಣಿಕೆಯಲ್ಲಿ ಅದನ್ನೂ ಕಥಾಸಂಗ್ರಹವನ್ನೂ ಒಂದೊಂದೆಂದು ಬರೆದದ್ದೇ ಅವಿವೇಕವಾಗಿತ್ತು. ಸ್ವತಃ ಓದಬಹುದಾದವು ಎರಡನೆಯ ರಾಶಿ. ನಾವು ಎಂದಿಗೂ ಓದಲಾರೆವೆಂದು ಒಪ್ಪಿಕೊಳ್ಳಬೇಕಾದವು ಮೂರನೆಯದು. ಈ ಒಪ್ಪಿಗೆಯೇ ಎಲ್ಲಕ್ಕಿಂತ ಕಷ್ಟವಾಯಿತು. ಒಂದೊಂದು ಪುಸ್ತಕವನ್ನು ಕೆಳಗಿಡುವಾಗಲೂ ನಾವು ಆಗಬೇಕೆಂದಿದ್ದ ಒಬ್ಬ ಪಂಡಿತನನ್ನು ಬೀಳ್ಕೊಡುವಂತಾಗುತ್ತಿತ್ತು. ಆದರೂ 84 ಪುಸ್ತಕಗಳನ್ನು ಪಾಠಶಾಲೆಯ ವಿದ್ಯಾರ್ಥಿಗಳಿಗೂ ಓದುವ ಬಂಧುಗಳಿಗೂ ಕೊಟ್ಟೆವು. ಭಾದ್ರಪದ ಹುಣ್ಣಿಮೆಯಂದು ಭಾಗವತವನ್ನು ದಾನಮಾಡುವವನ ಫಲವನ್ನು ಆ ಗ್ರಂಥದ ಕೊನೆಯ ಅಧ್ಯಾಯದಲ್ಲಿಯೇ ಹೇಳಿದೆ. ಗ್ರಂಥದಾನವು ನಮ್ಮವರಿಗೆ ಹೊಸದಲ್ಲ, ಮರೆತುಹೋಗಿದೆ, ಅಷ್ಟೆ.

ಒಂದು ವರ್ಷದಲ್ಲಿ ನಾವು ಓದಿ ಮುಗಿಸಿದವು ಒಂಬತ್ತು. ಕೊಂಡವು ಎರಡು. ಈಗ ಬಾಕಿ 132. ಹೇಳಿಕೊಳ್ಳುವಂತಹ ಸಾಧನೆಯಲ್ಲ. ಕೇಳಿದವರಿಗೆ ಇಲ್ಲವೆನ್ನಬಾರದೆಂಬ ನಿಯಮವನ್ನಂತೂ ಮಾಡಿಕೊಂಡಿದ್ದೇವೆ. ಮರಳಿ ಬಾರದಿದ್ದರೆ, ಗೆದ್ದಲಿಗಿಂತ ಒಳ್ಳೆಯ ಕೈಗೆ ಹೋಯಿತೆಂದು ತಿಳಿಯುತ್ತೇವೆ.

ನವರಾತ್ರವು ಮತ್ತೆ ಬರುತ್ತಿದೆ. ಭಾಗವತದ ಏಳನೆಯ ಸ್ಕಂಧದ ನಡುವೆ, ಪ್ರಹ್ಲಾದನ ಕಥೆಯಲ್ಲಿ, ಒಣಗಿದ ತುಳಸಿಯ ಎಲೆಯೊಂದನ್ನು ಗುರುತಿಗೆ ಇರಿಸಿದ್ದೇವೆ. ಮೂಲಾ ನಕ್ಷತ್ರದಂದು ಅದೇ ಪ್ರತಿಯನ್ನು ಪೀಠದ ಮೇಲೆ ಇಡಬೇಕು. ಸಂಜೆ ದೀಪ ಹಚ್ಚಿದಾಗ ಮುಂದೇನಾಯಿತೆಂದು ಮಕ್ಕಳು ಕೇಳುವರು. ವಿಸರ್ಜನೆಯವರೆಗೆ ಓದಬಾರದೆಂದು ಅವರಿಗೆ ಹೇಳಬೇಕಾಗುವುದು. ಆ ದಿನಗಳನ್ನು ಕಳೆಯುವುದು ಈ ವರ್ಷ ನಮಗೂ ಸ್ವಲ್ಪ ಕಷ್ಟವಾದೀತು. ಆ ಕಷ್ಟವೇ ಪೂಜೆಯ ಮೊದಲ ಫಲವೆಂದು ಭಾವಿಸಿ ಈ ಲೇಖನವನ್ನು ಮುಗಿಸುತ್ತೇವೆ.

ಶ್ರೀಕೃಷ್ಣಾರ್ಪಣಮಸ್ತು.