ಚೀಲದ ತಳ ನೋಡಿ ಕೊಳ್ಳಿ

ನಮ್ಮ ದೊಡ್ಡಪ್ಪನ ಮಗ ತೆಂಗಿನ ಚಿಪ್ಪಿನ ಇದ್ದಿಲು ಮಾಡಿ ಮಾರುತ್ತಾನೆ. ವೇದಾವತಿ ದಂಡೆಯ ತೋಟಗಳಿಂದ, ಹಿರಿಯೂರು ಕಡೆಯಿಂದ ಚಿಪ್ಪು ತಂದು ಚಳ್ಳಕೆರೆ ಹತ್ತಿರದ ನಮ್ಮೂರಲ್ಲಿ ಹಳೇ ಡ್ರಮ್ಮುಗಳಲ್ಲಿ ಸುಡುತ್ತಾನೆ. ನಾನು ಅವನನ್ನ ಅಣ್ಣ ಅಂತಲೇ ಕರೆಯೋದು. ಹೋದ ವರ್ಷ ಬೆಂಗಳೂರಲ್ಲಿ ನಮ್ಮ ಅಪಾರ್ಟ್‌ಮೆಂಟಿನ ನಾಲ್ಕೈದು ಮನೆಯವರು ಸೇರಿ ಟೆರೇಸ್ ಮೇಲೆ ಬಾರ್ಬೆಕ್ಯೂ ಮಾಡೋಣ ಅಂದಾಗ, ಇದ್ದಿಲು ಊರಿಂದ ತರಿಸ್ತೀನಿ ಅಂದವನು ನಾನೇ. ಅಣ್ಣ ಈರುಳ್ಳಿ ಲಾರಿಯಲ್ಲಿ ಯಶವಂತಪುರದ ತನಕ ಬಂದು, ಅಲ್ಲಿಂದ ಆಟೋದಲ್ಲಿ ಎರಡು ಚೀಲ ಹೇರಿಕೊಂಡು ಬಂದ.

ಪಕ್ಕದ ಫ್ಲಾಟಿನವರು ಒಂದು ತುಂಡು ತೆಗೆದು ತಿರುಗಿಸಿ ನೋಡಿದರು. "ಇದು ನಿಜವಾಗ್ಲೂ ಚಿಪ್ಪಿಂದೇನಾ? ಮರದ ಇದ್ದಿಲು ಮಿಕ್ಸ್ ಮಾಡ್ತಾರಂತಲ್ಲ?"

"ಇಲ್ಲ ಸಾರ್, ಪೂರಾ ಚಿಪ್ಪಿಂದೇ" ಅಂದ ಅಣ್ಣ. ಅವರು ನನ್ನ ಮುಖ ನೋಡಿದರು.

ನಾನು ಅಣ್ಣನ ಡ್ರಮ್ಮಿನ ಪಕ್ಕ ಎಷ್ಟೋ ಸಂಜೆ ಕೂತಿದ್ದೇನೆ. ಆದರೂ ನನ್ನ ಬಾಯಿಂದ ಬಂದಿದ್ದು, "ಇರಬೇಕು ಸಾರ್, ನಂಗೂ ಅಷ್ಟು ಗೊತ್ತಿಲ್ಲ." ಎಲ್ಲಾದರೂ ಹೊಗೆಯೆದ್ದರೆ ನನ್ನ ಹೆಸರು ಕೆಡುತ್ತೆ ಅನ್ನೋ ಭಯ ಒಂದು. ಇವನು ನನ್ನ ಅಣ್ಣ ಅಂತ ಹೇಳೋಕೆ ಸಂಕೋಚ ಇನ್ನೊಂದು. "ಹಾಗಾದ್ರೆ ಕೆಜಿಗೆ ಹತ್ತು ರೂಪಾಯಿ ಕಮ್ಮಿ ಮಾಡ್ಕೊಳ್ಳಿ" ಅಂದರು ಅವರು. ವಾಪಸ್ ಹೊತ್ತುಕೊಂಡು ಹೋಗೋಕಾಗುತ್ತಾ? ಅಣ್ಣ ಕಮ್ಮಿ ಮಾಡಿದ. ಇದ್ದಿಲು ಹೊಗೆಯಿಲ್ಲದೆ ಚೆನ್ನಾಗಿಯೇ ಉರಿಯಿತು. ಅದನ್ನ ಅವನಿಗೆ ಯಾರೂ ಹೇಳಲಿಲ್ಲ, ನಾನೂ ಹೇಳಲಿಲ್ಲ.

ಅವರು ಅನುಮಾನ ಪಟ್ಟಿದ್ದು ತಪ್ಪಾ? ಖಂಡಿತ ಅಲ್ಲ. ನಮ್ಮ ಕಡೆ ಬಳ್ಳಾರಿ ಜಾಲಿ ಎಲ್ಲೆಂದರಲ್ಲಿ ಬೆಳೆಯುತ್ತೆ, ಅದರ ಇದ್ದಿಲು ಅಗ್ಗ. ಚೀಲದ ತಳಕ್ಕೆ ಅದನ್ನ ತುಂಬಿ ಮೇಲೆ ಚಿಪ್ಪಿಂದು ಹಾಕೋದು ಕಷ್ಟವೇನಲ್ಲ. ತೂಕ ಬರಲಿ ಅಂತ ನೀರು ಚಿಮುಕಿಸಬಹುದು. ದುಡ್ಡು ಕೊಡೋನು ಕೇಳಲೇಬೇಕು.

ಕೇಳೋದು ನಮ್ಮೂರಿನ ಕಡೆ ಅವಮಾನವೂ ಅಲ್ಲ. ಚಳ್ಳಕೆರೆ ಎಣ್ಣೆ ಮಿಲ್ಲುಗಳ ಊರು. ನಮ್ಮಜ್ಜಿ ಹೊಲದ ಶೇಂಗಾ ಬೀಜ ತಗೊಂಡು ಹೋದರೆ, ಕಣ್ಣೆದುರೇ ಎಣ್ಣೆ ಇಳಿದು ಡಬ್ಬ ತುಂಬೋ ತನಕ ಅಲ್ಲಿಂದ ಕದಲುತ್ತಿರಲಿಲ್ಲ. ಮಿಲ್ಲಿನವರು ಬೇಜಾರು ಮಾಡಿಕೊಳ್ಳದೆ ಕೂರೋಕೆ ಸ್ಟೂಲ್ ಕೊಡುತ್ತಿದ್ದರು. ನನ್ನ ಮದುವೆಗೆ ಸೀರೆ ತರೋಕೆ ಮೊಳಕಾಲ್ಮೂರಿಗೆ ಹೋದಾಗ, ನಾವು ಕೇಳೋಕೆ ಮೊದಲೇ ನೇಕಾರರು ಒಂದು ಎಳೆ ಕಿತ್ತು ಕಡ್ಡಿ ಗೀರಿದರು. ರೇಷ್ಮೆಯಾದರೆ ಕೂದಲು ಸುಟ್ಟ ವಾಸನೆ ಬಂದು, ಬೂದಿ ಬೆರಳಲ್ಲಿ ಪುಡಿಯಾಗುತ್ತೆ. ಪಾಲಿಯೆಸ್ಟರ್ ಆದರೆ ಕರಗಿ ಗಟ್ಟಿ ಉಂಡೆಯಾಗುತ್ತೆ. ಇವತ್ತು ಆ ಸೀರೆಗೆ ಜಿಐ ಟ್ಯಾಗ್ ಇದೆ, ಅಸಲಿ ರೇಷ್ಮೆಗೆ 2004ರಿಂದ ಸಿಲ್ಕ್ ಮಾರ್ಕ್ ಇದೆ. ಇವೆಲ್ಲ ಹುಟ್ಟಿದ್ದೇ ಕೊಳ್ಳುವವರ ಅನುಮಾನದಿಂದ.

ಹಾಗಾದರೆ ನಮ್ಮ ಟೆರೇಸ್ ಮೇಲೆ ನಡೆದದ್ದರಲ್ಲಿ ತಪ್ಪೇನು? ಅಲ್ಲಿ ಯಾರೂ ಪರೀಕ್ಷೆ ಮಾಡಲಿಲ್ಲ. ಚೀಲ ಸುರಿದಿದ್ದರೆ ಎರಡು ನಿಮಿಷದ ಕೆಲಸ. ಚಿಪ್ಪು ಸುಟ್ಟರೂ ಅದರ ಬಾಗು ಹೋಗಲ್ಲ, ಮರದ ಇದ್ದಿಲಿಗೆ ಆ ಆಕಾರ ಬರಲ್ಲ. ಚೆನ್ನಾಗಿ ಬೆಂದಿದ್ದನ್ನ ಒಂದಕ್ಕೊಂದು ತಟ್ಟಿದರೆ ಲೋಹದ ಹಾಗೆ ಟಣ್ ಅನ್ನುತ್ತೆ. ನಮಗೆ ತಿಳಿಯೋದು ಬೇಕಿರಲಿಲ್ಲ. ಅನುಮಾನ ಹಾಗೇ ಇದ್ದರೆ ಹತ್ತು ರೂಪಾಯಿ ಉಳಿಯುತ್ತಲ್ಲ!

ನಾನು ಕೋಡ್ ಬರೆದು ಬದುಕೋನು. ನಾನು ಬರೆದ ಒಂದು ಸಾಲೂ ಇನ್ನೊಬ್ಬರು ರಿವ್ಯೂ ಮಾಡದೆ ಮುಂದೆ ಹೋಗಲ್ಲ. ಅದರಿಂದ ನನಗೆ ಅವಮಾನ ಅನಿಸಲ್ಲ, ಯಾಕೆಂದರೆ ರಿವ್ಯೂ ಮಾಡೋನು ಕೂತು ಓದುತ್ತಾನೆ, ತಪ್ಪಿದ್ದರೆ ಇಂಥ ಸಾಲಲ್ಲಿ ಅಂತ ತೋರಿಸುತ್ತಾನೆ, ಇಲ್ಲದಿದ್ದರೆ ಅಪ್ರೂವ್ ಮಾಡುತ್ತಾನೆ. "ಓದಿಲ್ಲ, ಆದ್ರೂ ಯಾಕೋ ಡೌಟು, ಸಂಬಳದಲ್ಲಿ ಸ್ವಲ್ಪ ಹಿಡ್ಕೋತೀನಿ" ಅಂದರೆ ನಾವ್ಯಾರಾದರೂ ಸುಮ್ಮನಿರ್ತೀವಾ? ಅಣ್ಣನ ಜೊತೆ ನಾವು ಮಾಡಿದ್ದು ಅದನ್ನೇ.

ಹೀಗೆ ಮಾಡಿದರೆ ಏನಾಗುತ್ತೆ ಅಂತ ಅಮೆರಿಕದ ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ 1970ರಲ್ಲೇ ಬರೆದಿದ್ದಾರೆ. ಅವರ ಉದಾಹರಣೆ ಸೆಕೆಂಡ್ ಹ್ಯಾಂಡ್ ಕಾರು. ಯಾವುದು ಒಳ್ಳೇದು ಯಾವುದು ಕೆಟ್ಟದ್ದು ಗೊತ್ತಾಗದ ಗಿರಾಕಿ ಎಲ್ಲದಕ್ಕೂ ನಡುವಿನ ಬೆಲೆ ಹೇಳುತ್ತಾನೆ. ಆ ಬೆಲೆಗೆ ಒಳ್ಳೇ ಕಾರಿನವನಿಗೆ ಗಿಟ್ಟಲ್ಲ, ಅವನು ಸಂತೆ ಬಿಟ್ಟು ಹೋಗುತ್ತಾನೆ. ಕೊನೆಗೆ ಉಳಿಯೋದು ಕೆಟ್ಟ ಕಾರುಗಳೇ. 2001ರಲ್ಲಿ ಅವರಿಗೆ ಇನ್ನಿಬ್ಬರ ಜೊತೆ ನೊಬೆಲ್ ಬಂತು.

ಇದನ್ನೇ ಅಣ್ಣನ ಡ್ರಮ್ಮಿನ ಪಕ್ಕ ಕೂತು ಯೋಚಿಸಿ. ಮೊದಲು ದಟ್ಟ ಬಿಳಿ ಹೊಗೆ ಬರುತ್ತೆ, ಅದು ತೆಳುವಾಗೋ ತನಕ ಕಾಯಬೇಕು. ಆಮೇಲೆ ಮುಚ್ಚಿ, ಸಂದಿಗೆ ಮಣ್ಣು ಮೆತ್ತಿ, ರಾತ್ರಿಯೆಲ್ಲ ಆರೋಕೆ ಬಿಡಬೇಕು. ಬಿಸಿಯಿರುವಾಗಲೇ ತೆಗೆದರೆ ಗಾಳಿ ತಾಕಿ ಬೂದಿಯಾಗುತ್ತೆ. ಬೇಗ ಮುಚ್ಚಿದರೆ ಅರೆಬೆಂದು, ಆಮೇಲೆ ಗಿರಾಕಿ ಮನೇಲಿ ಹೊಗೆ ಎಬ್ಬಿಸುತ್ತೆ. ಇಷ್ಟೆಲ್ಲ ಮಾಡಿ ನಾಲ್ಕು ಕೆಜಿ ಚಿಪ್ಪು ಸುಟ್ಟರೆ ಸಿಗೋದು ಹೆಚ್ಚುಕಮ್ಮಿ ಒಂದು ಕೆಜಿ ಇದ್ದಿಲು. ಕಲಬೆರಕೆಯ ಬೆಲೆಯೇ ಸಿಗೋದಾದರೆ ಅವನು ಯಾಕೆ ಕಾಯಬೇಕು?

ಇನ್ನೊಂದು ವಿಷಯ ನನ್ನನ್ನ ಚುಚ್ಚುತ್ತೆ. ಅದಕ್ಕೆ ಹಿಂದಿನ ಸಲ ನಾವು ಸೂಪರ್ ಮಾರ್ಕೆಟ್ಟಿನಿಂದ ಇದ್ದಿಲಿನ ಬ್ರಿಕೆಟ್ ತಂದಿದ್ದೆವು. ಡಬ್ಬದ ಮೇಲೆ ತೆಂಗಿನ ಮರದ ಚಿತ್ರ. ಪುಡಿ ಮಾಡಿ ಅಂಟು ಹಾಕಿ ಒತ್ತಿದ್ದರಲ್ಲಿ ಚಿಪ್ಪೆಷ್ಟು ಅಂತ ನೋಡಿ ಹೇಳೋಕೆ ಸಾಧ್ಯವೇ ಇಲ್ಲ. ಒಬ್ಬರೂ ಕೇಳಲಿಲ್ಲ, ಸ್ಕ್ಯಾನ್ ಮಾಡಿ ದುಡ್ಡು ಕೊಟ್ಟು ಬಂದೆವು. ಉತ್ತರ ಕೊಡೋಕೆ ಎದುರಲ್ಲಿ ನಿಂತವನನ್ನ ಅನುಮಾನಿಸಿದೆವು, ಕಾಣದವನನ್ನ ನಂಬಿದೆವು.

ಗೌರಸಮುದ್ರದ ಮಾರಮ್ಮನ ಜಾತ್ರೆಗೆ ಊರಿಗೆ ಹೋದಾಗ ಅಣ್ಣನ ಜೊತೆ ಚಳ್ಳಕೆರೆಗೆ ಹೋಗಿದ್ದೆ. ಅಲ್ಲೊಬ್ಬರು ಇಸ್ತ್ರಿ ಅಂಗಡಿಯವರು ಅವನ ಹಳೇ ಗಿರಾಕಿ. ಗೋಣಿತಾಟು ಹಾಸಿ ಇಡೀ ಚೀಲ ಅದರ ಮೇಲೆ ಸುರಿದರು. ಕೈಯಾಡಿಸಿದರು, ತಟ್ಟಿ ನೋಡಿದರು, ಅರೆಬೆಂದ ಏಳೆಂಟು ತುಂಡು ಆರಿಸಿ ಪಕ್ಕಕ್ಕಿಟ್ಟು "ಇವು ವಾಪಸ್" ಅಂದರು. ಉಳಿದಿದ್ದು ತೂಗಿಸಿ, ಅಣ್ಣ ಹೇಳಿದಷ್ಟು ರೇಟಿಗೆ ಚೌಕಾಸಿ ಇಲ್ಲದೆ ದುಡ್ಡು ಎಣಿಸಿದರು.

ಹೊರಗೆ ಬಂದ ಮೇಲೆ, "ಬಲು ಕಟ್ಟುನಿಟ್ಟು ಮನುಷ್ಯ ಅಲ್ವಾ?" ಅಂದೆ.

"ಹೂಂ ಕಣಪ್ಪ. ಅದಕ್ಕೇ ಫಸ್ಟ್ ಚೀಲ ಅವರಿಗೇ ತರಾದು" ಅಂದ.

ಟೆರೇಸಿನ ಮಾತು ಅವನು ಎತ್ತಲಿಲ್ಲ. ನಾನೇ ಎತ್ತಿ, ಅವತ್ತು ನಾನು ಹೇಳಬೇಕಿತ್ತು ಅಣ್ಣ, ಅಂದೆ. "ಬಿಡೋ, ಟೀ ಕುಡಿಯಾನ ಬಾ" ಅಂದ.

ಬರುವಾಗ ಒಂದು ಚೀಲ ಪೂರ್ತಿ ರೇಟು ಕೊಟ್ಟು ತಂದಿದ್ದೇನೆ. ಪಕ್ಕದ ಫ್ಲಾಟಿನವರು ಬಂದರೆ ಪೇಪರ್ ಹಾಸಿ ತಳದವರೆಗೂ ಸುರಿದು ತೋರಿಸುತ್ತೇನೆ. ಇದು ನಮ್ಮಣ್ಣ ಮಾಡಿದ್ದು ಸಾರ್, ಮಾಡೋದನ್ನ ನಾನೇ ಕಣ್ಣಾರೆ ನೋಡಿದ್ದೀನಿ, ಹೊಗೆ ಬಂದರೆ ನನ್ನ ಕೇಳಿ, ಅಂತ ಹೇಳುತ್ತೇನೆ.